ದೊಡ್ಡತ್ತಿಯ ನೋಟಿಸು, ನಮ್ಮ ಉತಾರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರ ಗ್ರೂಪಿಗೆ ಈ ವಾಯ್ಸ್ ಮೆಸೇಜು ಸ್ವಲ್ಪ ಉದ್ದ ಆಗುತ್ತದೆ, ಕೈಯಲ್ಲಿದ್ದ ಕೆಲಸ ಮುಗಿಸಿ ಕೇಳಿ. ಮೊಬೈಲಿನಲ್ಲಿ ಒತ್ತುತ್ತಾ ಕೂರಲು ನನಗೆ ಆಗುವುದಿಲ್ಲ. ಟೈಪ್ ಮಾಡಿದ್ದು ಈ ಜನ್ಮಕ್ಕೆ ಸಾಕಾಗಿದೆ.

ತಮ್ಮಾ, ಬೆಳಿಗ್ಗೆ ನೀನು ಹಾಕಿದ್ದನ್ನು ಎರಡು ಸಲ ಓದಿದೆ. ಅಜ್ಜನ ಹೆಣ್ಣುಮಕ್ಕಳು, ದೊಡ್ಡತ್ತಿ, ಸಣ್ಣತ್ತಿ ಇಬ್ಬರೂ ಸೇರಿ ವಕೀಲರ ಕಡೆಯಿಂದ ನೋಟಿಸು ಕಳಿಸಿದ್ದಾರೆ. ಹಳ್ಳದ ದಂಡೆಯ 12 ಎಕರೆ 16 ಗುಂಟೆಯಲ್ಲಿ ನಾಲ್ಕರಲ್ಲಿ ಒಂದೊಂದು ಪಾಲು ಕೇಳಿದ್ದಾರೆ. ಅದಕ್ಕೆ ನೀನು ಬರೆದಿದ್ದೀಯ: "ಹೊಲದ ಪಹಣಿ ಉತಾರದಲ್ಲಿ ಅವರ ಹೆಸರೇ ಇಲ್ಲ. ಹುಬ್ಬಳ್ಳಿ ಪಾರ್ಟಿ ಒಳ್ಳೆ ರೇಟು ಹೇಳಿದ್ದಾರೆ. ಇವರು ಕೋರ್ಟಿಗೆ ಹೋಗುವುದರೊಳಗೆ ಮುಂಗಡ ಸಂಚಕಾರ ಹಿಡಿದುಬಿಡೋಣ." ಅದರ ಕೆಳಗೆ ನಾಲ್ಕು ಜನ ಹೆಬ್ಬೆರಳು ಎತ್ತಿದ್ದೀರಿ. ನನ್ನ ಒಡಹುಟ್ಟಿದ ತಮ್ಮನೂ ಎತ್ತಿದ್ದಾನೆ. ಅವನ ಜೊತೆ ಬೇರೆಯಾಗಿ ಮಾತಾಡುತ್ತೇನೆ.

ಸಂಚಕಾರ ಮಾತ್ರ ಹಿಡಿಯಬೇಡ. ಮೊದಲು ಅದೊಂದು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ನಿಮಗೆಲ್ಲ ಗೊತ್ತಿದೆ, ನಾನು ಗದಗದಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ 1993ರಿಂದ 26 ವರ್ಷ ಟೈಪಿಸ್ಟ್ ಆಗಿದ್ದೆ. ನಾನೇನು ವಕೀಲಿ ಓದಿಲ್ಲ. ಆದರೆ ವಾಟ್ನಿ, ಅಂದರೆ ಆಸ್ತಿ ಪಾಲಿನ ದಾವೆಗಳನ್ನು ಎಷ್ಟು ಬಡಿದಿದ್ದೇನೆ ಅಂದರೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಬಂಡಿ ದಾರಿ ಅಂತ ಚಕ್ಕುಬಂದಿ ಸಮೇತ ಶುರು ಮಾಡುತ್ತೇನೆ.

ಉತಾರ ಉತಾರ ಅನ್ನುತ್ತೀಯಲ್ಲ, ಅದು ಕಂದಾಯದ ದಾಖಲೆ. ಹೊಲದ ಕಂದಾಯ ಯಾರ ಹೆಸರಿಗಿದೆ, ಯಾರು ಬಿತ್ತುತ್ತಿದ್ದಾರೆ, ಯಾವ ಸೊಸೈಟಿ ಸಾಲ ಇದೆ, ಇಷ್ಟು ಅದರಲ್ಲಿ ಇರುತ್ತದೆ. 1964ರ ಭೂಕಂದಾಯ ಕಾಯ್ದೆಯ ಪ್ರಕಾರ ಅದರಲ್ಲಿ ಬರೆದದ್ದು ಸರಿ ಅಂತಲೇ ಕೋರ್ಟು ಮೊದಲು ಹಿಡಿಯುತ್ತದೆ, ನಿಜ. ಆದರೆ ತಪ್ಪು ಅಂತ ಎದುರಿನವರು ತೋರಿಸಿಕೊಡುವ ತನಕ ಅಷ್ಟೇ. ಹೆಸರು ಹತ್ತಿದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ, ಹತ್ತದಿದ್ದರೆ ಹೋಗುವುದೂ ಇಲ್ಲ. ಸುಪ್ರೀಂ ಕೋರ್ಟು ಇದನ್ನು ಎಷ್ಟೋ ಸಲ ಹೇಳಿದೆ.

ಸರಿ, ಅತ್ತಿಯರ ಹೆಸರು ಯಾಕೆ ಹತ್ತಿಲ್ಲ? ಅದನ್ನು ನಾನೇ ಹೇಳಬೇಕು. ಬಿಟ್ಟವಳು ನಾನೇ.

1998. ಅಜ್ಜ ತೀರಿಕೊಂಡು ಎರಡು ತಿಂಗಳಾಗಿರಬೇಕು. ಒಂದು ಸಂಜೆ ಅಪ್ಪ, ಕಾಕಾ ಇಬ್ಬರೂ ಆಫೀಸಿಗೆ ಬಂದರು. ಸಾಹೇಬರು ಮನೆಗೆ ಹೋಗಿದ್ದರು. ವಾರಸಾ ಮಾಡಿಸಿ ಹೊಲ ನಮ್ಮ ಹೆಸರಿಗೆ ಹತ್ತಿಸಬೇಕು, ಒಂದು ವಂಶಾವಳಿ ಹೊಡೆದುಕೊಡು ಅಂದರು. ವಂಶಾವಳಿ ಟೈಪ್ ಮಾಡುವುದು ಒಂಥರಾ ರಂಗೋಲಿ ಹಾಕಿದ ಹಾಗೆ. ಮೇಲೆ ನಡುವೆ ಹಿರಿಯರ ಹೆಸರು, ಅದರ ಕೆಳಗೆ ಒಂದು ಗೆರೆ, ಆ ಗೆರೆಯಿಂದ ಮಕ್ಕಳ ಹೆಸರಿಗೆ ಅಳತೆ ಮಾಡಿ ಜಾಗ ಬಿಡಬೇಕು. ನಾನು ನಾಲ್ಕು ಹೆಸರಿಗೆ ಜಾಗ ಬಿಟ್ಟು ಗೆರೆ ಹೊಡೆದಿದ್ದೆ. ಅಪ್ಪ ಬಗ್ಗಿ ನೋಡಿ, "ನಾಲ್ಕು ಯಾಕೆ, ಎರಡು ಸಾಕು" ಅಂದರು. ಅಷ್ಟೇ ಅಂದದ್ದು. ನಾನು ಹಾಳೆ ಎಳೆದು, ಕಾರ್ಬನ್ ಜೋಡಿಸಿ, ಹೊಸ ಹಾಳೆ ಸೇರಿಸಿದೆ. ಎರಡು ಹೆಸರು ಎರಡೂ ಕಡೆ ಸಮ ಬರುವ ಹಾಗೆ ಕೂರಿಸಿದೆ. ನೋಡಲು ಚೆಂದ ಬಂದಿತ್ತು. ಮೊದಲ ಹಾಳೆಯನ್ನು ಮುದುಡಿ ಬುಟ್ಟಿಗೆ ಹಾಕಿದೆ.

ಆಮೇಲಿನದು ನಿಮಗೆ ಗೊತ್ತಿರುವುದೇ. ಪಂಚರ ಸಹಿ ಬಿತ್ತು, ತಲಾಟಿ ಹತ್ತಿರ ಹೋಯಿತು, ಚಾವಡಿ ಗೋಡೆಗೆ ನೋಟಿಸು ಅಂಟಿಸಿದರು. 30 ದಿನ ಯಾರೂ ತಕರಾರು ಕೊಡಲಿಲ್ಲ. ಕೊಡುವವರು ಯಾರು? ದೊಡ್ಡತ್ತಿ ಸವಣೂರಿನಲ್ಲಿ, ಸಣ್ಣತ್ತಿ ಹುಬ್ಬಳ್ಳಿಯಲ್ಲಿ. ನಮ್ಮೂರ ಚಾವಡಿ ಗೋಡೆ ಅವರಿಗೆಲ್ಲಿ ಕಾಣಬೇಕು? ಮುಂದೆ ಕಂಪ್ಯೂಟರ್ ಉತಾರ ಬಂತು, ಕೈಬರಹದಲ್ಲಿ ಏನಿತ್ತೋ ಅದೇ ಅದರಲ್ಲೂ ಬಂತು. ನೀನು ಬೆಂಗಳೂರಿನಲ್ಲಿ ಕೂತು ಮೊಬೈಲಿನಲ್ಲಿ ತೆಗೆದು ತೋರಿಸುತ್ತಿರುವುದು ಅವತ್ತು ನಾನು ಹೊಡೆದ ಹಾಳೆಯನ್ನೇ.

ಕಾಕಾ, ಗ್ರೂಪಿನಲ್ಲಿ ಹೇಳಿದೆ ಅಂತ ಸಿಟ್ಟು ಮಾಡಿಕೊಳ್ಳಬೇಡಿ. ನೀವಾಗಲಿ ಅಪ್ಪನಾಗಲಿ ಮೋಸ ಮಾಡಬೇಕು ಅಂತ ಮಾಡಿದ್ದಲ್ಲ. ಆಗ ಎಲ್ಲರ ಮನೆಯಲ್ಲೂ ಹಾಗೇ ನಡೆಯುತ್ತಿತ್ತು. ಹೆಣ್ಣುಮಕ್ಕಳಿಗೂ ಪಾಲು ಅಂತ ನಮ್ಮ ರಾಜ್ಯ 1994ರಲ್ಲೇ ಕಾನೂನು ಮಾಡಿತ್ತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. ನಮ್ಮ ಅತ್ತಿಯರಿಬ್ಬರೂ ಹಾಗೆ ಹೊರಗುಳಿದವರೇ. ಹಾಗಂತ ಅವರದು ಸೊನ್ನೆ ಆಗಿರಲಿಲ್ಲ. ಅಜ್ಜನ ಸ್ವಂತ ಪಾಲಿಗೆ ಎಷ್ಟು ಬರುತ್ತದೋ ಅದರಲ್ಲಿ ಮಗಳಿಗೂ ಮಗನ ಸಮ ಪಾಲು ಅಂತ 1956ರ ಕಾಯ್ದೆಯಲ್ಲೇ ಇದೆ. ವಂಶಾವಳಿಯಲ್ಲಿ ಹೆಸರು ಬಿಡುವುದಂತೂ ಅವತ್ತಿಗೂ ತಪ್ಪೇ.

ಈಗ ಅದೂ ಹೋಗಲಿ. 2005ರಲ್ಲಿ ದೇಶಕ್ಕೆಲ್ಲ ಕಾನೂನು ಬದಲಾಯಿತು. ಆ ವರ್ಷ ಸೆಪ್ಟೆಂಬರ್ 9ರಿಂದ ಪಿತ್ರಾರ್ಜಿತದಲ್ಲಿ ಮಗಳೂ ಮಗನ ಹಾಗೇ ಹುಟ್ಟಿನಿಂದಲೇ ಪಾಲುದಾರಳು. ಮದುವೆಯಾಗಿದೆಯೋ ಇಲ್ಲವೋ ಯಾರೂ ಕೇಳುವಂತಿಲ್ಲ. ಅಪ್ಪ ಆ ತಾರೀಖಿನ ಮೊದಲೇ ಸತ್ತಿದ್ದರೆ ಹೇಗೆ ಅಂತ ಬಹಳ ವರ್ಷ ಜಗ್ಗಾಟ ನಡೆಯಿತು. ಸಾಹೇಬರ ಟೇಬಲ್ ಮೇಲೆ ಒಂದೊಂದು ತೀರ್ಪು ಒಂದೊಂದು ಥರ ಇರುತ್ತಿತ್ತು. 2020ರ ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಕೇಸಿನಲ್ಲಿ ಅದನ್ನು ಮುಗಿಸಿತು: ಆ ದಿನ ಅಪ್ಪ ಬದುಕಿರಬೇಕಾಗಿಲ್ಲ. ಅಂದರೆ ಅಜ್ಜ 1998ರಲ್ಲೇ ಹೋದರು ಅನ್ನುವ ನಿನ್ನ ಮಾತು ನಡೆಯುವುದಿಲ್ಲ.

"ನಮ್ಮದು 2001ರಲ್ಲೇ ವಾಟ್ನಿ ಆಗಿದೆಯಲ್ಲ ಅಕ್ಕಾ" ಅನ್ನುತ್ತೀಯ. ಎಲ್ಲಿ ಆಗಿದೆ? ಅಪ್ಪ, ಕಾಕಾ ಕಟ್ಟೆ ಮೇಲೆ ಕೂತು ಬಿಳಿ ಹಾಳೆಯಲ್ಲಿ ಬರೆದುಕೊಂಡದ್ದು ಅದು. 2004ರ ಡಿಸೆಂಬರ್ 20ಕ್ಕಿಂತ ಮೊದಲು ಆದ ವಾಟ್ನಿಯನ್ನು ಕಾನೂನು ಮುಟ್ಟುವುದಿಲ್ಲ ಅನ್ನುವುದು ಸರಿ, ಆದರೆ ಅದು ನೋಂದಣಿ ಆಗಿರಬೇಕು, ಇಲ್ಲವೇ ಕೋರ್ಟಿನ ಡಿಕ್ರಿ ಇರಬೇಕು. ಬಾಯಿಮಾತಿನ ವಾಟ್ನಿ ಒಪ್ಪುವುದು ತೀರಾ ಅಪರೂಪಕ್ಕೆ, ಅದೂ ಗಟ್ಟಿ ಸರ್ಕಾರಿ ದಾಖಲೆ ಜೊತೆಗಿದ್ದರೆ. ನಮ್ಮ ಹತ್ತಿರ ಇರುವ ದಾಖಲೆ ಯಾವುದು? ಅದೇ ಎರಡು ಹೆಸರಿನ ವಂಶಾವಳಿಯಿಂದ ಹುಟ್ಟಿದ ಉತಾರ. ಅದನ್ನು ಹಿಡಿದುಕೊಂಡು ಜಡ್ಜರ ಮುಂದೆ ನಿಂತರೆ ಅತ್ತಿಯರ ವಕೀಲರ ಮೊದಲ ಪ್ರಶ್ನೆಯೇ, "ನಿಮಗೆ ಅಕ್ಕತಂಗಿಯರು ಇಲ್ಲವಾ?" ಕಟಕಟೆಯಲ್ಲಿ ನಿಂತು ಕಾಕಾ ಇಲ್ಲ ಅನ್ನಬೇಕಾ?

ಒಂದು ನಿಮಿಷ ತಡಿ, ಒಲೆ ಮೇಲೆ ಹಾಲಿದೆ.

ಹಾಂ. ಇನ್ನೊಂದು, ನೋಟಿಸಿಗೆ ಉತ್ತರ ಬರೆಸುವಾಗ "ಮದುವೆಯಲ್ಲಿ ಬಂಗಾರ, ಪಾತ್ರೆ ಎಲ್ಲ ಕೊಟ್ಟು ಪಾಲು ತೀರಿಸಿದ್ದೇವೆ" ಅಂತ ಬರೆಸಬೇಡಿ. ಈ ಸಾಲನ್ನು ನಾನು ಎಷ್ಟು ಕೈಫಿಯತ್ತಿನಲ್ಲಿ, ಅಂದರೆ ಪ್ರತಿವಾದಿಯ ಉತ್ತರದಲ್ಲಿ ಹೊಡೆದಿದ್ದೇನೋ ಲೆಕ್ಕವಿಲ್ಲ. ಅದರಿಂದ ದಾವೆ ಗೆದ್ದವರನ್ನು ನಾನು ನೋಡಲಿಲ್ಲ. ಅಕ್ಕತಂಗಿಯರ ಕಣ್ಣಲ್ಲಿ ನೀರು ಬಂದದ್ದನ್ನು ಮಾತ್ರ ನೋಡಿದ್ದೇನೆ.

ಮಾರುವ ವಿಷಯ. ಪಾಲು ಆಗದ ಹೊಲ ಮಾರಿದರೆ ಕೊಂಡವನಿಗೆ ಹೋಗುವುದು ನಮ್ಮ ಪಾಲಿನಷ್ಟೇ, ಅತ್ತಿಯರದು ಹಾಗೇ ಉಳಿಯುತ್ತದೆ. ದಾವೆ ಬಿದ್ದ ಮೇಲೆ ಮಾರಿದರೆ ಕೊಂಡವನೂ ತೀರ್ಪಿಗೆ ಕಟ್ಟುಬಿದ್ದ ಹಾಗೆ. ಅವನನ್ನೂ ಪ್ರತಿವಾದಿ ಮಾಡುತ್ತಾರೆ. ಆಗ ಅವನು ದುಡ್ಡು ವಾಪಸ್ ಕೊಡಿ ಅಂತ ನಮ್ಮ ಮೇಲೆ ಇನ್ನೊಂದು ಕೇಸು ಹಾಕುತ್ತಾನೆ. ಅತ್ತಿಯರು ದಾವೆ ಎಲ್ಲಿ ಹಾಕುತ್ತಾರೆ, ಖರ್ಚು ಬಹಳ ಅಂದುಕೊಂಡಿದ್ದೀಯೇನೋ. ಜಂಟಿ ಕಬ್ಜಾದಲ್ಲಿ ಇದ್ದೇವೆ ಅಂತ ಹೇಳಿ ಪಾಲು ಕೇಳಿದರೆ ಕೋರ್ಟ್ ಫೀ ತೀರಾ ಕಡಿಮೆ. ಹಾಕಲು ದುಡ್ಡು ಬೇಕಾಗುವುದಿಲ್ಲ, ನಡೆಸಲು ಬೇಕು. ನಡೆಸುವುದು ಅಂದರೆ ಏನು ಅಂತ ಒಂದು ಕೇಸಿನ ಕಥೆ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ ಮರುವರ್ಷ ರೋಣದ ಕಡೆಯ ಅಣ್ಣತಮ್ಮಂದಿರದ್ದು ಒಂದು ದಾವೆ ಬಂತು. ನಾಲ್ಕು ಎಕರೆ ಎರಿ ಹೊಲ. ಮೂಲ ಜಗಳ ಬದುವಿನ ಮೇಲಿದ್ದ ಒಂದು ಬನ್ನಿ ಗಿಡದ್ದು. ದಾವೆಯ ಮೊದಲ ಪುಟದಲ್ಲಿ ವಾದಿ ಒಬ್ಬ, ಪ್ರತಿವಾದಿ ಇಬ್ಬರು, ಅರ್ಧ ಪುಟಕ್ಕೆ ಹೆಸರು ಮುಗಿದಿತ್ತು. ನಾಲ್ಕು ವರ್ಷಕ್ಕೆ ವಾದಿ ತೀರಿಕೊಂಡ. ಸತ್ತ 90 ದಿನದೊಳಗೆ ವಾರಸುದಾರರನ್ನು ಸೇರಿಸಲು ಅರ್ಜಿ ಹಾಕಬೇಕು. ಹಾಕಿದೆವು, ವಾದಿಯ ಜಾಗಕ್ಕೆ 1(ಎ)ಯಿಂದ 1(ಎಫ್)ವರೆಗೆ ಆರು ಜನ. ಆಮೇಲೆ 1(ಸಿ) ಹೋದರು, ಅವರ ಕೆಳಗೆ ಮತ್ತೆ ನಾಲ್ಕು ಜನ. ಪ್ರತಿವಾದಿಗಳದ್ದೂ ಹಾಗೇ. ಕೆಳಗಿನ ಕೋರ್ಟು ಮುಗಿಸಿ, ಜಿಲ್ಲಾ ಕೋರ್ಟು ಮುಗಿಸಿ ಹೈಕೋರ್ಟಿಗೆ ಹೋಗುವ ಹೊತ್ತಿಗೆ ಬರೀ ಹೆಸರೇ ಮೂರು ಪುಟ. ಆಗಿನ್ನೂ ಧಾರವಾಡದಲ್ಲಿ ಹೈಕೋರ್ಟ್ ಇರಲಿಲ್ಲ. ರಾತ್ರಿ ಗಾಡಿ ಹತ್ತಿ ಬೆಂಗಳೂರಿಗೆ ಹೋಗಿ, ಮುದ್ದತ್ತು, ಅಂದರೆ ವಿಚಾರಣೆ ತಾರೀಖು ಮುಂದಕ್ಕೆ ಹೋಯಿತು ಅಂತ ಕೇಳಿಕೊಂಡು ಮತ್ತೆ ರಾತ್ರಿ ಗಾಡಿ ಹತ್ತುತ್ತಿದ್ದರು. 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂತು, 2013ರಲ್ಲಿ ಅದೇ ಕಾಯಂ ಆಯಿತು. ಪ್ರಯಾಣ ಕಡಿಮೆ ಆಯಿತು ಅನ್ನುವುದು ಬಿಟ್ಟರೆ ಮುದ್ದತ್ತು ಮುದ್ದತ್ತೇ.

ಕೊನೆಗೆ ಗೆದ್ದರು. ಆದರೆ ವಾಟ್ನಿ ದಾವೆಯಲ್ಲಿ ಗೆದ್ದವನ ಕೈಗೆ ಮೊದಲು ಸಿಗುವುದು ಪ್ರಾಥಮಿಕ ಡಿಕ್ರಿ. ನಿನಗೆ ಇಷ್ಟನೇ ಒಂದು ಪಾಲು ಅಂತ ಅದರಲ್ಲಿ ಬರೆದಿರುತ್ತದೆ, ಯಾವ ಕಡೆಯದು ಅಂತ ಇರುವುದಿಲ್ಲ. ಅದಕ್ಕೆ ಅಂತಿಮ ಡಿಕ್ರಿ ಅಂತ ಇನ್ನೊಂದು ಸುತ್ತು. ಹೊಲ ಆಗಿದ್ದರೆ ಕಾಗದ ಡಿಸಿ ಆಫೀಸಿಗೆ ಹೋಗಿ, ಸರ್ವೇದವರು ಬಂದು ಅಳೆದು ಭಾಗ ಮಾಡಬೇಕು. ನಾನು 2019ರಲ್ಲಿ ಕೆಲಸ ಬಿಡುವಾಗ ಅವರ ಹೊಲಕ್ಕೆ ಸರ್ವೇದವರು ಇನ್ನೂ ಬಂದಿರಲಿಲ್ಲ. ಬನ್ನಿ ಗಿಡ ಮಾತ್ರ ಯಾವತ್ತೋ ಒಣಗಿ ಬಿದ್ದಿತ್ತು. ಮೊದಲು ದಾವೆ ಹಾಕಿದವನ ಮೊಮ್ಮಗ ಅದನ್ನು ಹೇಳಿ ನಕ್ಕ. ನನಗೆ ನಗು ಬರಲಿಲ್ಲ.

ಈಗ ಯಾರೂ ಹೇಳದ ಒಂದು ಮಾತು. ಅತ್ತಿಯರು ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ ನೋಟಿಸು ಕೊಟ್ಟರು? ಜಮೀನಿಗೆ ರೇಟು ಬಂತು, ಆಸೆ ಹುಟ್ಟಿತು ಅಂತ ನೀವೆಲ್ಲ ಬರೆದಿದ್ದೀರಿ. ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಹೋದ ವರ್ಷ ಶೀಗಿ ಹುಣ್ಣಿಮೆ ದಿನ ನಾನು ಅಲ್ಲಿದ್ದೆ. ದೊಡ್ಡತ್ತಿ ಪ್ರತಿ ವರ್ಷದ ಹಾಗೆ ಸವಣೂರಿನಿಂದ ಬಸ್ಸು ಹತ್ತಿ ಬಂದಿದ್ದರು. ಬುಟ್ಟಿ ತುಂಬ ಕಡಬು, ಶೇಂಗಾ ಹೋಳಿಗೆ, ಪುಂಡಿಪಲ್ಯ. ಹೊಲದ ಹತ್ತಿರ ಹೋದರೆ ಹೊಸ ತಂತಿ ಬೇಲಿ, ಗೇಟಿಗೆ ಕೀಲಿ. ಒಳಗೆ ಬೇವಿನ ಗಿಡದ ಕೆಳಗೆ ಅಜ್ಜ, ಆಯಿ ಇಬ್ಬರ ಸಮಾಧಿ ಕಾಣುತ್ತಿತ್ತು. ಕಾಕಾಗೆ ಫೋನ್ ಮಾಡಿದರೆ ಹತ್ತಲಿಲ್ಲ. ಅವತ್ತು ಕಾಕಾ ಗದಗದಲ್ಲಿ ಆಸ್ಪತ್ರೆಯಲ್ಲಿದ್ದರು, ಬೇಕಂತ ಮಾಡಿದ್ದಲ್ಲ ಅಂತ ನನಗೆ ಆಮೇಲೆ ಗೊತ್ತಾಯಿತು. ದೊಡ್ಡತ್ತಿಗೆ ಅದನ್ನು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವರು ಸ್ವಲ್ಪ ಹೊತ್ತು ನಿಂತು, ಬೇಲಿ ಹೊರಗಿನಿಂದಲೇ ಭೂಮಿತಾಯಿಗೆ ಚರಗದ ಎಡೆ ಚೆಲ್ಲಿದರು. ಅರ್ಧ ತಂತಿಗೆ ಸಿಕ್ಕಿ ಜೋತುಬಿತ್ತು. ಚರಗ ಚೆಲ್ಲುವಾಗ ಕೂಗುವ ಹಾಗೆ ಹುಲ್ಲುಲ್ಲಿಗೋ ಅಂತ ಕೂಗಲೂ ಇಲ್ಲ. ಬುಟ್ಟಿ ನನ್ನ ಕೈಗೆ ಕೊಟ್ಟು, "ನಿಮ್ಮ ಕಾಕಾನ ಮಕ್ಕಳಿಗೆ ಕೊಡು" ಅಂದರು. ಆ ಹೋಳಿಗೆ ನೀನೂ ತಿಂದಿದ್ದೀಯ ತಮ್ಮಾ.

ಈಗ ನೀನು ಹೇಳುವ ಪಾರ್ಟಿ ಉಳಲು ತಗೊಳ್ಳುತ್ತಾರಾ? ಪ್ಲಾಟು ಹಾಕುತ್ತಾರೆ. ಆ ಸಮಾಧಿ ಯಾವ ಸೈಟಿನೊಳಗೆ ಬರುತ್ತದೆ ಅಂತ ಯಾರಾದರೂ ಕೇಳಿದ್ದೀರಾ?

ನನ್ನ ಲೆಕ್ಕ ಇಷ್ಟು. ಒಟ್ಟು 12 ಎಕರೆ 16 ಗುಂಟೆ, ನಾಲ್ಕು ಪಾಲು ಮಾಡಿದರೆ ತಲಾ 3 ಎಕರೆ 4 ಗುಂಟೆ. ನಮ್ಮಪ್ಪನ ಕಡೆಗೆ ಈಗ ಇರುವ 6 ಎಕರೆ 8 ಗುಂಟೆಯಲ್ಲಿ ಅರ್ಧ ಹೋಗುತ್ತದೆ, ನಿಮ್ಮದರಲ್ಲೂ ಅರ್ಧ. ಸುಖವಾದ ಸುದ್ದಿ ಅಲ್ಲ, ಗೊತ್ತು. ಆದರೆ ಕಾಕಾನ ಮಾತಿನಲ್ಲೂ ನ್ಯಾಯ ಇದೆ. ಇಷ್ಟು ವರ್ಷ ದುಡಿದವರು ಅವರು, ಬೋರು ಹೊಡೆಸಿದ್ದು ಅವರ ದುಡ್ಡಿನಲ್ಲಿ, ಸೊಸೈಟಿ ಸಾಲ ತೀರಿಸಿದ್ದೂ ಅವರೇ. ಬೋರಿನ ಕಡೆಯ ಪಾಲು ನಮಗಿರಲಿ, ಸಾಲದ ಲೆಕ್ಕ ಹಿಡಿಯಿರಿ ಅಂತ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಅದನ್ನು ಅತ್ತಿಯರ ಎದುರು ಕೂತು ಕೇಳಬೇಕು, ಉತಾರ ತೋರಿಸಿ ಅಲ್ಲ. ಒಪ್ಪಿದರೆ ಸರ್ವೇ ಮಾಡಿಸಿ, ಪಾಲಿನ ಗಡಿ ತೋರಿಸುವ 11ಇ ನಕ್ಷೆ ತೆಗೆಸಿ, ವಾಟ್ನಿ ಪತ್ರ ನೋಂದಣಿ ಮಾಡಿಸೋಣ. ಈ ಸಲ ಬಿಳಿ ಹಾಳೆ ಬೇಡ. ಅಷ್ಟರಲ್ಲಿ ಅವರು ದಾವೆ ಹಾಕಿಬಿಟ್ಟರೂ ಗಾಬರಿ ಇಲ್ಲ, ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡರೆ ಅದಕ್ಕೆ ಮೇಲೆ ಅಪೀಲೂ ಇಲ್ಲ, ಕಟ್ಟಿದ ಫೀ ವಾಪಸ್ ಬರುತ್ತದೆ. ಹಕ್ಕು ಬಿಟ್ಟುಕೊಡಿ, ಸೀರೆ ಉಡಿಸಿ ಉಡಿ ತುಂಬುತ್ತೇವೆ ಅಂತ ಮಾತ್ರ ಯಾರೂ ಬಾಯಿ ಬಿಡಬೇಡಿ. ಅವರಾಗಿ ಬಿಟ್ಟರೆ ಅದು ಬೇರೆ.

ನೋಟಿಸಿಗೆ "ಮಾತಾಡಲು ತಯಾರಿದ್ದೇವೆ" ಅಂತ ಒಂದು ಸಾಲಿನ ಉತ್ತರ ನಾಳೆಯೇ ಹೋಗಲಿ. ಬರುವ ಗುರುವಾರ ನಾನು ಸವಣೂರಿಗೆ ಹೋಗುತ್ತಿದ್ದೇನೆ. ಆ ವಂಶಾವಳಿಯ ಕಾರ್ಬನ್ ಪ್ರತಿ ನನ್ನ ಟ್ರಂಕಿನಲ್ಲಿದೆ, ಅದನ್ನು ದೊಡ್ಡತ್ತಿಗೆ ತೋರಿಸಿ ಹೇಳುವುದನ್ನು ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಅವರು ಬರಲು ಒಪ್ಪಿದರೆ ಅವತ್ತೇ ಹೊಲಕ್ಕೆ ಕರೆದುಕೊಂಡು ಹೋಗುವ ಯೋಚನೆ ಇದೆ. ಕಾಕಾ, ಆ ಗೇಟಿನ ಕೀಲಿಕೈ ನಿಮ್ಮ ಹತ್ತಿರವೇ ಇದೆಯಾ, ಆಳಿನ ಹತ್ತಿರ ಕೊಟ್ಟಿದ್ದೀರಾ? ಬುಧವಾರ ಸಂಜೆಯೊಳಗೆ ಹೇಳಿ.