ಪಾರ್ಕಿನ ಮೂಲೆಯ ಕಲ್ಲು, ತಲೆ ಮೇಲಿನ ಬಟ್ಟೆ: ಲಾಯರ್ ಮೇಡಂ ಜೊತೆ ಪ್ರಶ್ನೋತ್ತರ

ಈ ವಾರದ ವಿಷಯ: ಸಾರ್ವಜನಿಕ ಜಾಗದಲ್ಲಿ ಧರ್ಮದ ಗುರುತುಗಳು. ಉತ್ತರಿಸುವವರು ಮೈಸೂರಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ವಕೀಲಿ ಮಾಡಿರುವ ನಮ್ಮ ಗುಂಪಿನ ಸದಸ್ಯೆ. ಹೆಸರು ಹಾಕಬೇಡಿ, ಊರು ಸಾಕು. ಬೈಗುಳ ಬಂದರೆ ಅಳಿಸುತ್ತೇವೆ.

ಪ್ರಶ್ನೆ (ಮೈಸೂರು): ನಮಸ್ತೆ ಮೇಡಂ. ನಮ್ಮ ಬಡಾವಣೆ ಪಾರ್ಕಿನ ಮೂಲೆಯಲ್ಲಿ ಎರಡು ತಿಂಗಳ ಹಿಂದೆ ಯಾರೋ ಒಂದು ಕಲ್ಲು ನಿಲ್ಲಿಸಿ ಅರಿಶಿನ ಕುಂಕುಮ ಹಚ್ಚಿದರು. ಈಗ ಸುತ್ತ ನಾಲ್ಕು ಕಂಬ ನೆಟ್ಟಿದ್ದಾರೆ. ಮನೆಗೆ ಎರಡು ಸಾವಿರದಂತೆ ವಂತಿಗೆ ಎತ್ತುತ್ತಿದ್ದಾರೆ. ನಾನು ದಿನಾ ದೇವರಿಗೆ ಕೈಮುಗಿಯುವವನೇ. ಆದರೆ ಅದು ಮಕ್ಕಳು ಆಡುವ ಜಾಗ. ಬೇಡ ಅಂದರೆ ನನ್ನನ್ನೇ ನಾಸ್ತಿಕ ಅಂತಾರೆ. ಏನು ಮಾಡಲಿ?

ಉತ್ತರ: ಸರ್, ಮೊದಲು ಒಂದು ಮಾತು. ಇದು ದೇವರ ಪ್ರಶ್ನೆ ಅಲ್ಲ, ಜಾಗದ ಪ್ರಶ್ನೆ. ಹಾಗೇ ಇಟ್ಟುಕೊಳ್ಳಿ. ಅರ್ಜಿಯಲ್ಲೂ ಹಾಗೇ ಬರೆಯಿರಿ.

ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದು ಒಂದು ಆದೇಶ ಕೊಟ್ಟಿದೆ. ರಸ್ತೆ, ಪಾರ್ಕು ಮತ್ತಿತರ ಸಾರ್ವಜನಿಕ ಜಾಗಗಳಲ್ಲಿ ಇನ್ನು ಮುಂದೆ ಅನುಮತಿ ಇಲ್ಲದೆ ದೇವಸ್ಥಾನ, ಚರ್ಚು, ಮಸೀದಿ, ಗುರುದ್ವಾರ ಯಾವುದನ್ನೂ ಕಟ್ಟಲು ಬಿಡಬಾರದು ಅಂತ. ಆಗಲೇ ಇದ್ದವುಗಳನ್ನು ಒಂದೊಂದಾಗಿ ಪರಿಶೀಲಿಸಿ ತೀರ್ಮಾನ ಮಾಡಿ ಎಂದು ರಾಜ್ಯಗಳಿಗೆ ಹೇಳಿತು. ಉಸ್ತುವಾರಿಯನ್ನು 2018ರಲ್ಲಿ ಆಯಾ ಹೈಕೋರ್ಟ್‌ಗಳಿಗೆ ವಹಿಸಿತು. ಪಾರ್ಕು ಆದ್ದರಿಂದ ನಿಮಗೆ ಇನ್ನೊಂದು ಬಲವೂ ಇದೆ. ಪಾರ್ಕು, ಆಟದ ಮೈದಾನಗಳನ್ನು ಉಳಿಸಲೆಂದೇ ನಮ್ಮ ರಾಜ್ಯದಲ್ಲಿ 1985ರಿಂದ ಒಂದು ಕಾಯ್ದೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದರು. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಆಸ್ಪತ್ರೆಗೇ ಪಾರ್ಕು ಸಿಗಲಿಲ್ಲ ನೋಡಿ.

ಈಗ ಕೆಲಸದ ಮಾತು. ಇಂಥ ಗುಡಿಗಳು ಹೇಗೆ ಬೆಳೆಯುತ್ತವೆ ಎಂದು ನಾನು ಕಣ್ಣಾರೆ ನೋಡಿದ್ದೇನೆ. ಮೊದಲು ಕಲ್ಲು. ಆಮೇಲೆ ದೀಪ. ಆಮೇಲೆ ಮಳೆ ನೆಪದಲ್ಲಿ ತಗಡಿನ ಶೀಟು. ಶೀಟು ಬಂದ ಮೇಲೆ ಕರೆಂಟು. ಟೈಲ್ಸ್ ಬರುವ ಹೊತ್ತಿಗೆ ಹುಂಡಿಯೂ ಬಂದಿರುತ್ತದೆ. ಐದು ವರ್ಷಕ್ಕೆ ‘ಜೀರ್ಣೋದ್ಧಾರ’ ಅಂತ ಬೋರ್ಡು! ಇದು ಒಂದೇ ಧರ್ಮದ ಕಥೆಯಲ್ಲ. ಹಸಿರು ಬಟ್ಟೆ ಹೊದಿಸಿದ ಗೋರಿಯೂ, ಗಾಜಿನ ಪೆಟ್ಟಿಗೆಯಲ್ಲಿಟ್ಟ ಮೇರಿಯಮ್ಮನೂ ಹೀಗೇ ಬೆಳೆಯುವುದುಂಟು. ತಗಡು ಬೀಳುವ ಮೊದಲು ಅರ್ಜಿ ಕೊಟ್ಟರೆ ಅದು ಒತ್ತುವರಿ ದೂರು. ಹುಂಡಿ ಬಂದ ಮೇಲೆ ಕೊಟ್ಟರೆ ‘ಗುಡಿ ಒಡೆಸುವವನು’ ಅನ್ನುವ ಹೆಸರು.

ಆದ್ದರಿಂದ ಇವತ್ತೇ ದಿನಾಂಕ ಕಾಣುವಂತೆ ಫೋಟೋ ತೆಗೆಯಿರಿ. ಪಾಲಿಕೆ ವಲಯ ಕಚೇರಿಗೆ ಬರಹದಲ್ಲಿ ದೂರು ಕೊಡಿ. ಪ್ರತಿಯನ್ನು ಠಾಣೆಗೂ ಡಿಸಿ ಕಚೇರಿಗೂ ಕೊಡಿ. ಮೂರು ಕಡೆಯಿಂದಲೂ ಸ್ವೀಕೃತಿ ತೆಗೆದುಕೊಳ್ಳಿ. ಬಡಾವಣೆಯ ಅನುಮೋದಿತ ನಕ್ಷೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಆ ಮೂಲೆ ‘ಪಾರ್ಕು’ ಎಂದು ನಕ್ಷೆಯಲ್ಲಿದ್ದರೆ ಅರ್ಧ ಕೆಲಸ ಆದಂತೆ. ಒಬ್ಬರೇ ಹೋಗಬೇಡಿ. ನಾಲ್ಕು ಮನೆಯವರ ಸಹಿ ಇರಲಿ. ಅದರಲ್ಲಿ ಒಬ್ಬರಾದರೂ ಹೆಂಗಸರು, ಒಬ್ಬರಾದರೂ ಹಿರಿಯರು ಇದ್ದರೆ ಒಳ್ಳೆಯದು. ಇದು ಕಾನೂನಲ್ಲ, ಅನುಭವ.

ವಂತಿಗೆ ಕೊಡಲೇಬೇಕು ಅಂತ ಯಾವ ಕಾನೂನೂ ಇಲ್ಲ. ‘ಮನೆಯಲ್ಲಿ ಕೇಳಿ ಹೇಳ್ತೀನಿ’ ಅಂದುಬಿಡಿ.

ಪ್ರಶ್ನೆ (ಚನ್ನರಾಯಪಟ್ಟಣ): ಹಾಗಾದರೆ ನಮ್ಮೂರ ಅಶ್ವತ್ಥಕಟ್ಟೆ ಗತಿ ಏನಕ್ಕಾ? ನಮ್ಮಜ್ಜನ ಕಾಲದ್ದು. ರಸ್ತೆ ಅಗಲ ಮಾಡುವವರು ಬಂದು ಗುರುತು ಹಾಕಿ ಹೋಗಿದ್ದಾರೆ.

ಉತ್ತರ: ನಿಮ್ಮದು ಬೇರೆ ವಿಷಯ. ಮೈಸೂರಿನವರ ಪಾರ್ಕಿಗೆ ಕಲ್ಲು ಬಂತು. ನಿಮ್ಮ ಕಟ್ಟೆಯ ಹತ್ತಿರಕ್ಕೆ ರಸ್ತೆ ಬಂತು. ಯಾವುದು ಮೊದಲು ಇತ್ತು ಅನ್ನುವುದಕ್ಕೆ ದಾಖಲೆ ಹುಡುಕಿ. ಗ್ರಾಮ ನಕ್ಷೆ, ಪಹಣಿ, ಮುಜರಾಯಿ ಪಟ್ಟಿ, ಹಳೇ ಪಂಚಾಯಿತಿ ನಡಾವಳಿ, ಏನಿದ್ದರೂ ಸರಿ.

ನಮ್ಮ ಪಕ್ಕದ ನಂಜನಗೂಡು ತಾಲ್ಲೂಕಿನ ಹುಚ್ಚಗಣಿ ನೆನಪಿದೆಯಾ? 2021ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶದ ಹೆಸರಿನಲ್ಲಿ ಅಲ್ಲಿನ ಮಹದೇವಮ್ಮನ ದೇವಸ್ಥಾನ ಒಡೆದರು. ದೊಡ್ಡ ಗಲಾಟೆ ಆಯಿತು. ಅದೇ ತಿಂಗಳು ಬಸವರಾಜ ಬೊಮ್ಮಾಯಿ ಸರ್ಕಾರ ವಿಧಾನಸಭೆಯಲ್ಲಿ ಧಾರ್ಮಿಕ ಕಟ್ಟಡಗಳ ಸಂರಕ್ಷಣೆಗೆ ಒಂದು ಮಸೂದೆ ಪಾಸು ಮಾಡಿತು. ಅದು ಕಾಯ್ದೆಯಾಗಿ ಜಾರಿಗೆ ಬಂದ ದಿನ ಸಾರ್ವಜನಿಕ ಜಾಗದಲ್ಲಿ ಯಾವ ಕಟ್ಟಡಗಳು ಇದ್ದವೋ ಅವಕ್ಕೆ ರಕ್ಷಣೆ ಸಿಕ್ಕಿತು. ಅವುಗಳ ಮೇಲೆ ಕೋರ್ಟಿನಲ್ಲಿ ಕೇಸು ಇದ್ದರೆ ರಕ್ಷಣೆ ಇಲ್ಲ. ಹೊಸದಾಗಿ ಕಟ್ಟುವುದಕ್ಕೂ ಅದರಲ್ಲಿ ಬಾಗಿಲು ತೆರೆದಿಲ್ಲ. ಇದನ್ನು ತುಂಬಾ ಜನ ತಪ್ಪಾಗಿ ತಿಳಿದಿದ್ದಾರೆ. ‘ಕಾಯ್ದೆ ಬಂತು, ಎಲ್ಲಿ ಬೇಕಾದರೂ ಕಟ್ಟಬಹುದು’ ಅಂತ ನನ್ನ ಕಕ್ಷಿದಾರರೇ ಹೇಳಿದ್ದುಂಟು.

ಮಾತಿಗೆ ಮಾತು ಬಂತು, ಹೇಳಿಬಿಡುತ್ತೇನೆ. ಸೆಕ್ಯುಲರ್ ಅನ್ನುವುದು ಸಂವಿಧಾನದ ಮೂಲ ಲಕ್ಷಣ ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರ ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ. ರಸ್ತೆ ಬದಿ ಗುಡಿಗಳಿಗೆ ರಕ್ಷಣೆ ಕೊಟ್ಟದ್ದು ಅವರ ಮಗನ ಸರ್ಕಾರ. ಕಾಲೇಜಿನಲ್ಲಿ ಪಾಠ ಮಾಡುವಾಗ ಇದನ್ನು ಹೇಳಿದರೆ ಹುಡುಗರು ಎರಡನ್ನೂ ಮರೆಯುವುದಿಲ್ಲ.

ಅನಿಸಿಕೆ (ಹೆಸರು, ಊರು ಇಲ್ಲ): ಲಾಯರ್‌ಗಳಿಗೆ ನಮ್ಮ ದೇವರು ಮಾತ್ರ ಕಾಣೋದು. ಬೇರೆಯವರದ್ದು ಒಡೆಯೋಕೆ ಧೈರ್ಯ ಇದೆಯಾ?

ಉತ್ತರ: 2009ರ ಆ ಕೇಸು ಹುಟ್ಟಿದ್ದು ಎಲ್ಲಿ ಗೊತ್ತಾ? ಗುಜರಾತಿನ ವಡೋದರಾದಲ್ಲಿ. 2006ರ ಮೇ ತಿಂಗಳು ಅಲ್ಲಿ ರಸ್ತೆಗಾಗಿ ಒಡೆದದ್ದು ಒಂದು ಹಳೇ ದರ್ಗಾ. ಗಲಭೆಯಾಗಿ ಜನ ಸತ್ತರು. ಗುಜರಾತ್ ಹೈಕೋರ್ಟ್ ತಾನಾಗಿಯೇ ಕೇಸು ತೆಗೆದುಕೊಂಡು, ಎಲ್ಲ ಧರ್ಮದ ಒತ್ತುವರಿಗಳನ್ನೂ ತೆಗೆಯಿರಿ ಎಂದಿತು. ಅದು ಸುಪ್ರೀಂ ಕೋರ್ಟ್ ಮೆಟ್ಟಿಲೇರಿ ಈ ಆದೇಶವಾಯಿತು. ನಿಮ್ಮ ಊರಿನಲ್ಲಿ ಒಂದು ಕಡೆ ಒಡೆದು ಇನ್ನೊಂದು ಕಡೆ ಬಿಟ್ಟಿದ್ದರೆ ಅದೂ ಕೋರ್ಟಿಗೆ ಹೋಗಬಹುದಾದ ವಿಷಯವೇ. ವಿವರ ತನ್ನಿ, ಮಾತಾಡೋಣ.

ಪ್ರಶ್ನೆ (ಹುಬ್ಬಳ್ಳಿ): ಮೇಡಂ, ನನ್ನ ಮಗಳು ಪಿಯುಗೆ ಸೇರ್ತಾಳೆ. ಹಿಜಾಬ್ ಹಾಕ್ತಾಳೆ. ಪಕ್ಕದ ಮನೆ ಹುಡುಗ ಸಿಇಟಿ ಬರೀತಾನೆ, ಅವನಿಗೆ ಜನಿವಾರದ ಚಿಂತೆ. ನಾವಿಬ್ಬರು ತಾಯಂದಿರು ಕೂತು ಈ ಪ್ರಶ್ನೆ ಬರೀತಿದ್ದೀವಿ. ಕಾನೂನು ಏನು ಹೇಳುತ್ತೆ?

ಉತ್ತರ: ಇಬ್ಬರೂ ಕೂತು ಬರೆದಿದ್ದೀರಿ ಅಂತ ಓದಿ ಖುಷಿಯಾಯಿತು.

ಮೇಲಿನ ಎರಡು ಪ್ರಶ್ನೆ ನೆಲದ್ದು. ಇದು ಮೈಮೇಲಿನದು. ಬಡಾವಣೆಯ ಪಾರ್ಕು ಎಲ್ಲರ ಪಾಲಿನದು, ಅಲ್ಲಿ ಒಬ್ಬರ ಗುರುತು ನಿಂತರೆ ಉಳಿದವರ ಜಾಗ ಹೋಗುತ್ತದೆ. ನಿಮ್ಮ ಮಗಳು ತಲೆಗೆ ಬಟ್ಟೆ ಕಟ್ಟಿದರೆ ನನ್ನ ಜಾಗವೇನೂ ಹೋಗುವುದಿಲ್ಲ. ಟಿವಿಯಲ್ಲಿ ಎರಡನ್ನೂ ಒಂದೇ ಮಾಡಿ ಕೂಗಾಡುತ್ತಾರೆ. ಇದು ನನ್ನ ಅಭಿಪ್ರಾಯ. ಹೈಕೋರ್ಟ್ ಅಭಿಪ್ರಾಯ ಬೇರೆ ಇದೆ, ಅದನ್ನೂ ಹೇಳಬೇಕು.

ಉಡುಪಿಯ ಸರ್ಕಾರಿ ಪಿಯು ಕಾಲೇಜಿನಲ್ಲಿ ಶುರುವಾದ ಗಲಾಟೆ ನಿಮಗೆ ಗೊತ್ತೇ ಇದೆ. 2022ರ ಫೆಬ್ರವರಿ 5ರಂದು ಸಮವಸ್ತ್ರದ ಬಗ್ಗೆ ಸರ್ಕಾರ ಆದೇಶ ಹೊರಡಿಸಿತು. ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಮಾರ್ಚ್ 15ರಂದು ಆ ಆದೇಶವನ್ನು ಎತ್ತಿಹಿಡಿಯಿತು. ಹಿಜಾಬ್ ಇಸ್ಲಾಮಿನಲ್ಲಿ ಬಿಡಲಾಗದ ಆಚರಣೆ ಅಲ್ಲ, ಸಮವಸ್ತ್ರದ ನಿಯಮ ನ್ಯಾಯವಾದದ್ದೇ ಎಂದಿತು. ಮೇಲ್ಮನವಿಯಲ್ಲಿ ಅದೇ ವರ್ಷ ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಾದರು. ಹೇಮಂತ್ ಗುಪ್ತಾ ಮೇಲ್ಮನವಿ ವಜಾ ಮಾಡಿದರು. ಸುಧಾಂಶು ಧೂಲಿಯಾ ಇದು ಆ ಹುಡುಗಿಯ ಆಯ್ಕೆ, ಅವಳ ಓದು ಮುಖ್ಯ ಎಂದು ಸರ್ಕಾರದ ಆದೇಶವನ್ನು ರದ್ದು ಮಾಡಿದರು. ವಿಷಯ ದೊಡ್ಡ ಪೀಠಕ್ಕೆ ಹೋಯಿತು. ಹೀಗೆ ಸಮಸಮ ಆದಾಗ ಕೆಳಗಿನ ಕೋರ್ಟಿನ ತೀರ್ಪೇ ನಿಲ್ಲುತ್ತದೆ.

ಹಾಗಾಗಿ ಸೇರಿಸುವ ಮುಂಚೆ ಕಾಲೇಜಿಗೆ ಹೋಗಿ ಕೇಳಿ. ಸಮವಸ್ತ್ರ ಇದೆಯಾ, ನಿಯಮ ಬರಹದಲ್ಲಿ ಇದೆಯಾ, ಕಾಲೇಜು ಅಭಿವೃದ್ಧಿ ಸಮಿತಿ ಏನು ತೀರ್ಮಾನ ಮಾಡಿದೆ. ಬಾಯಿಮಾತಿನ ‘ಆಗಲ್ಲಮ್ಮ’ ಕೇಳಿ ವಾಪಸ್ ಬರಬೇಡಿ. ಒಂದು ಕಾಲೇಜಿನಲ್ಲಿ ಆಗದಿದ್ದರೆ ಇನ್ನೊಂದು ನೋಡಿ. ಮಗಳ ಓದು ಮಾತ್ರ ನಿಲ್ಲಿಸಬೇಡಿ, ದಯವಿಟ್ಟು.

ಜನಿವಾರದ್ದು ಸುಲಭ. 2025ರ ಏಪ್ರಿಲ್ ಸಿಇಟಿಯಲ್ಲಿ ಬೀದರ್, ಶಿವಮೊಗ್ಗದ ಪರೀಕ್ಷಾ ಕೇಂದ್ರಗಳಲ್ಲಿ ಅದನ್ನು ತೆಗೆಯಿರಿ ಅಂದದ್ದು ದೊಡ್ಡ ಸುದ್ದಿಯಾಯಿತು. ಅಲ್ಲಿ ಸಮವಸ್ತ್ರದ ಪ್ರಶ್ನೆಯೇ ಇರಲಿಲ್ಲ. ಬಾಗಿಲಲ್ಲಿ ನಿಂತ ಸಿಬ್ಬಂದಿ ನಿಯಮವನ್ನು ತಾವೇ ಹಿಗ್ಗಿಸಿಕೊಂಡಿದ್ದರು. ಸರ್ಕಾರವೂ ತಪ್ಪು ಎಂದೇ ಹೇಳಿತು. ಪ್ರವೇಶಪತ್ರದ ಜೊತೆ ಬರುವ ಸೂಚನೆಗಳ ಪ್ರಿಂಟ್ ಕೈಯಲ್ಲಿರಲಿ. ಅರ್ಧ ಗಂಟೆ ಮುಂಚೆ ಹೋಗಲಿ. ತಕರಾರು ಬಂದರೆ ಬಾಗಿಲಲ್ಲಿ ವಾದ ಬೇಡ, ಕೇಂದ್ರದ ಮುಖ್ಯಸ್ಥರನ್ನು ಕರೆಸಲಿ.

ಇನ್ನೊಂದು ಸಂಗತಿ, ಇದು ನನಗೆ ಯಾವಾಗಲೂ ಸೋಜಿಗ. ಒಂದು ಆಚರಣೆ ಆ ಧರ್ಮಕ್ಕೆ ‘ಅತ್ಯಗತ್ಯವೇ’ ಎಂದು ಕೋರ್ಟು ನೋಡುವ ಪದ್ಧತಿ ಬಂದದ್ದು 1954ರ ಶಿರೂರು ಮಠದ ಕೇಸಿನಿಂದ. ಆಗ ದಕ್ಷಿಣ ಕನ್ನಡ ಮದರಾಸು ರಾಜ್ಯದಲ್ಲಿತ್ತು. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಸ್ವಾಮಿಗಳು ಮದರಾಸಿನ ಧರ್ಮಾದಾಯ ಕಾಯ್ದೆ ವಿರುದ್ಧ ಹೋದರು. ಯಾವುದು ಅತ್ಯಗತ್ಯ ಎಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು ಎಂದಿತು ಕೋರ್ಟು. ಮಠಗಳನ್ನು ಸರ್ಕಾರದಿಂದ ಕಾಪಾಡಲು ಬಂದ ಮಾತು ಅದು. ಬರಬರುತ್ತಾ ‘ಇದು ನಿಮ್ಮ ಧರ್ಮಕ್ಕೆ ಅಷ್ಟೇನೂ ಮುಖ್ಯ ಅಲ್ಲ’ ಎಂದು ನ್ಯಾಯಮೂರ್ತಿಗಳೇ ತೀರ್ಮಾನಿಸುವ ಅಳತೆಗೋಲಾಯಿತು. ಅರವತ್ತೆಂಟು ವರ್ಷದ ಮೇಲೆ ಅದೇ ಉಡುಪಿಯ ಹುಡುಗಿಯರ ಮೇಲೆ ಬಳಕೆಯಾಯಿತು.

ನನ್ನನ್ನು ಕೇಳಿದರೆ ಆ ಅಳತೆಗೋಲಿಗಿಂತ 1986ರ ತೀರ್ಪು ಜಾಸ್ತಿ ಹಿಡಿಸುತ್ತದೆ. ಕೇರಳದಲ್ಲಿ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಅವರ ನಂಬಿಕೆ ಹಾಗೆ. ಶಾಲೆಯಿಂದ ಹೊರಹಾಕಿದರು. ಸುಪ್ರೀಂ ಕೋರ್ಟ್ ವಾಪಸ್ ಸೇರಿಸಿ ಅಂದಿತು. ಅಲ್ಲಿ ನೋಡಿದ್ದು ನಂಬಿಕೆ ಪ್ರಾಮಾಣಿಕವೇ, ಅದರಿಂದ ಯಾರಿಗಾದರೂ ತೊಂದರೆಯೇ ಅಂತ.

ಪ್ರಶ್ನೆ (ತುಮಕೂರು ಜಿಲ್ಲೆ, ಸರ್ಕಾರಿ ನೌಕರ): ನಮ್ಮ ಕಚೇರಿಯಲ್ಲಿ ಲಕ್ಷ್ಮಿ ಫೋಟೋ ಇದೆ, ಆಯುಧಪೂಜೆ ಮಾಡ್ತೀವಿ. ತಪ್ಪಾ?

ಉತ್ತರ: ನಿಮ್ಮ ಮೇಜಿನ ಮೇಲೊಂದು ಚಿಕ್ಕ ಫೋಟೋ ಇದ್ದರೆ ಯಾರೂ ಕೇಸು ಹಾಕುವುದಿಲ್ಲ ಬಿಡಿ. ಕಚೇರಿ ಗೋಡೆಗೆ, ಕಚೇರಿ ಖರ್ಚಿನಲ್ಲಿ ಹಾಕಿದರೆ ಮಾತು ಬೇರೆ. ಅರ್ಜಿ ಹಿಡಿದು ಬರುವವರು ಎಲ್ಲ ಧರ್ಮದವರು, ಯಾವ ಧರ್ಮವೂ ಇಲ್ಲದವರು. ಆಯುಧಪೂಜೆಗೆ ಜೀಪು ತೊಳೆದು ಹೂವು ಹಾಕುವುದನ್ನು ನಮ್ಮಲ್ಲಿ ಡ್ರೈವರ್ ಸಾಬರೂ ಮಾಡುತ್ತಾರೆ. ಅದು ಹಬ್ಬಕ್ಕಿಂತ ಕಸುಬಿನ ಮರ್ಯಾದೆ. ಇಷ್ಟವಿಲ್ಲದವರನ್ನು ಕೂರಿಸಬೇಡಿ, ಬಲವಂತದ ವಸೂಲಿ ಬೇಡ. ಅಷ್ಟು ನೋಡಿಕೊಂಡರೆ ಸಾಕು.

ಪ್ರಶ್ನೆ (ಮಂಡ್ಯ): ಕೆರಗೋಡಿನ ಧ್ವಜದ ಬಗ್ಗೆ ಒಂದು ಮಾತು?

ಉತ್ತರ: ಒಂದೇ ಮಾತು. ಅನುಮತಿ ಪತ್ರ ಓದಿ. 108 ಅಡಿ ಕಂಬಕ್ಕೆ ಪಂಚಾಯಿತಿ ಒಪ್ಪಿಗೆ ಕೊಟ್ಟದ್ದು ರಾಷ್ಟ್ರಧ್ವಜ, ನಾಡಧ್ವಜಕ್ಕೆ. 2024ರ ಜನವರಿಯಲ್ಲಿ ಏರಿದ್ದು ಹನುಮ ಧ್ವಜ. ಯಾವುದೇ ಬಣ್ಣದ ಬಟ್ಟೆ ಏರಿದ್ದರೂ ಕಾಗದದ ಪ್ರಶ್ನೆ ಅದೇ ಆಗಿರುತ್ತಿತ್ತು. ರಾಜಕೀಯದ ಪ್ರಶ್ನೆಗೆ ನಾನು ಫೀಸು ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ (ಮಾಂಟ್ರಿಯಲ್, ಮೂಲ ದಾವಣಗೆರೆ): ಇಲ್ಲಿ ಸರ್ಕಾರಿ ಶಾಲೆಯಲ್ಲಿ ಟೀಚರ್ ಕೆಲಸಕ್ಕೆ ಅರ್ಜಿ ಹಾಕ್ತಿದ್ದೀನಿ. ಕರಿಮಣಿ, ಕುಂಕುಮ ತೊಂದರೆ ಆಗುತ್ತಾ?

ಉತ್ತರ: ತಂಗಿ, ಅಲ್ಲಿ ನೀವು ಸಹಿ ಹಾಕುವ ಮುಂಚೆ ಅಲ್ಲಿನ ವಕೀಲರನ್ನೇ ಕೇಳಬೇಕು. ಕ್ವಿಬೆಕ್‌ನ 2019ರ ಕಾನೂನು ಸರ್ಕಾರಿ ಶಾಲೆಯ ಶಿಕ್ಷಕರು, ಪೊಲೀಸರು ಕೆಲಸದ ಹೊತ್ತಿನಲ್ಲಿ ಧರ್ಮದ ಗುರುತು ಹಾಕಬಾರದು ಅನ್ನುತ್ತದೆ. ಒಡವೆಯೂ ಅದರ ವ್ಯಾಖ್ಯೆಯಲ್ಲಿ ಸೇರಿದೆ. ಧರ್ಮದ ನಂಬಿಕೆಯಿಂದ ಹಾಕಿದ್ದೋ, ನೋಡುವವರಿಗೆ ಧರ್ಮದ ಗುರುತು ಅನ್ನಿಸುತ್ತದೋ ಎಂಬುದು ಪ್ರಶ್ನೆ. 2019ರ ಮಾರ್ಚ್‌ಗೆ ಮೊದಲೇ ಅದೇ ಹುದ್ದೆಯಲ್ಲಿ ಇದ್ದವರಿಗೆ ವಿನಾಯಿತಿ ಇದೆ, ಹೊಸಬರಿಗೆ ಇಲ್ಲ. ಕರಿಮಣಿ ಮದುವೆಯ ಗುರುತು ಎಂದು ವಾದಿಸಬಹುದು, ಉಂಗುರದ ಹಾಗೆ. ನಾನಾಗಿದ್ದರೆ ಆ ವಾದವನ್ನೇ ಹಿಡಿಯುತ್ತಿದ್ದೆ.

ನಮ್ಮ ದಾರಿ ಬೇರೆ. ಇಲ್ಲಿ ಸಿಖ್ ಅಧಿಕಾರಿ ಪಗಡಿ ಕಟ್ಟಿಕೊಂಡೇ ಖಾಕಿ ಹಾಕುತ್ತಾರೆ. ಕಿರ್ಪಾನ್ ಧರಿಸುವ ಹಕ್ಕನ್ನಂತೂ ಸಂವಿಧಾನದ 25ನೇ ವಿಧಿಯಲ್ಲೇ ಬರೆದಿದ್ದಾರೆ.

ಮೊದಲ ಪ್ರಶ್ನೆಯವರು (ಮೈಸೂರು), ಮೂರು ದಿನದ ಬಳಿಕ: ಮೇಡಂ, ಏಳು ಮನೆಯವರು ಸಹಿ ಹಾಕಿದರು. ಆಶ್ಚರ್ಯ ಅಂದರೆ ವಂತಿಗೆ ಎತ್ತುತ್ತಿದ್ದವರ ಅತ್ತೆಯೂ ಒಬ್ಬರು. ಮೊಮ್ಮಗ ಅಲ್ಲೇ ಕ್ರಿಕೆಟ್ ಆಡೋದಂತೆ. ಕಲ್ಲನ್ನು ಹತ್ತಿರದ ಹಳೇ ಮಾರಮ್ಮನ ಗುಡಿಗೆ ಒಪ್ಪಿಸೋಣ ಅಂತಿದ್ದಾರೆ. ಅರ್ಜಿ ಕೊಟ್ಟಿದ್ದೀವಿ, ಸ್ವೀಕೃತಿಯೂ ಸಿಕ್ಕಿದೆ.

ಉತ್ತರ: ಒಳ್ಳೆಯದಾಯಿತು. ಮಾರಮ್ಮನ ಗುಡಿಯವರು ಒಪ್ಪಿದ್ದನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಸ್ವೀಕೃತಿ ಮೇಲೆ ಸೀಲೂ ತಾರೀಖೂ ಇದೆಯಾ ನೋಡಿ. ಬರೀ ಸಹಿ ಇದ್ದರೆ ನಾಳೆ ಬೆಳಗ್ಗೆ ಹೋಗಿ ಸೀಲು ಹಾಕಿಸಿಕೊಂಡು ಬನ್ನಿ.