ಲಕ್ಷಕ್ಕೂ ಮೇಲೆ ಕೊಟ್ಟ ಲ್ಯಾಪ್‌ಟಾಪು ಅಪ್‌ಡೇಟ್ ಆದಮೇಲೂ ಆ ಬೆಲೆಗೆ ಬಾಳುತ್ತಾ? ಅನುಭವ ಇದ್ದವರು ಹೇಳಿ

ಮೈಸೂರು ಸಬ್‌ಟೈಟಲ್:
ಎಲ್ಲರಿಗೂ ನಮಸ್ಕಾರ. ಮನೆಯಿಂದಲೇ ಅನುವಾದ, ಸಬ್‌ಟೈಟಲ್ ಕೆಲಸ ಮಾಡ್ತೀನಿ. ಆಗೊಮ್ಮೆ ಈಗೊಮ್ಮೆ ಸಣ್ಣ ವಿಡಿಯೊ ಎಡಿಟಿಂಗ್. 2020ರ ಶುರುವಿನಲ್ಲಿ 1,38,000 ಕೊಟ್ಟು ಒಂದು ಪ್ರೀಮಿಯಂ ವಿಂಡೋಸ್ ಲ್ಯಾಪ್‌ಟಾಪ್ ತಗೊಂಡೆ, ಕಂಪನಿ ಹೆಸರು ಬೇಡ. ಹೋದ ಸಲದ ದೊಡ್ಡ ಅಪ್‌ಡೇಟ್ ಆದಮೇಲೆ ಫ್ಯಾನ್ ನಿಲ್ಲೋದೇ ಇಲ್ಲ, ಬ್ಯಾಟರಿ ಎರಡು ಗಂಟೆ ಬಂದರೆ ಹೆಚ್ಚು. ಈಗ ಮತ್ತೆ ಒಂದು ಲಕ್ಷ ಹಾಕಿ ಮ್ಯಾಕ್‌ಬುಕ್ ಏರ್ ತಗೊಳ್ಳಲೋ, 60 ಸಾವಿರದ ಸಾಧಾರಣ ವಿಂಡೋಸ್ ಸಾಕೋ, ಅಥವಾ ಇದನ್ನೇ ರಿಪೇರಿ ಮಾಡಿಸಲೋ? ನಾಲ್ಕೈದು ವರ್ಷದ ಅಪ್‌ಡೇಟ್ ಕಂಡವರು ಹೇಳಿದರೆ ಉಪಕಾರ.

ಗದಗಿನ ಪ್ರೆಸ್ಸಿನವ:
ಅಕ್ಕಾರ, ನಂದು ಕೇಳ್ರಿ ಮೊದಲ. ನಮ್ಮದು ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕಿ, ಬಿಲ್ ಬುಕ್, ಜಾತ್ರಿ ಹ್ಯಾಂಡ್‌ಬಿಲ್ ಮಾಡ್ತೀವಿ. 2018ರಾಗ ಮಗನ ಮಾತ ಕೇಳಿ 1,12,000 ಕೊಟ್ಟು ಭಾರೀದ ಒಂದು ತಂದೆ. ಅದರ ಮ್ಯಾಲೆ ಬ್ಯಾಗ್ 2,400, ಮೌಸ್ 1,150, ಎರಡು ವರ್ಷದ ಎಕ್ಸ್‌ಟ್ರಾ ವಾರಂಟಿ 8,900. ಆ ವಾರಂಟಿ ಒಂದ ಒಂದು ಸಲ ಉಪಯೋಗಕ್ಕ ಬರಲಿಲ್ಲ, ವಾರಂಟಿ ಮುಗಿದ ಮರು ತಿಂಗಳ ಚಾರ್ಜಿಂಗ್ ಪಿನ್ ಹೋತು, 3,200 ಬಡೀತು.

ಲಗ್ನದ ಸೀಸನ್ ನಡುವ ಒಂದು ರಾತ್ರಿ ಅದು ತಾನ ಅಪ್‌ಡೇಟ್ ಆತು. ಮುಂಜಾನೆ ನೋಡಿದ್ರ ಪೇಜ್ ಮಾಡೂ ಹಳೇ ಸಾಫ್ಟ್‌ವೇರ್ ತೆರಿಯಾಕ ಒಲ್ಲದು. ನುಡಿ ಫಾಂಟಿನ್ಯಾಗ ಮಾಡಿದ ಪತ್ರಿಕಿ ಎಲ್ಲಾ ಇಂಗ್ಲಿಷ್ ಅಕ್ಷರ, ಡಾಲರ್ ಚಿಹ್ನೆ ಕೂಡಿ ಕಲಸುಮೇಲೋಗರ. ಮದುಮಗಳ ಹೆಸರ ಹೋಗಿ ಅಲ್ಲಿ ಬ್ರ್ಯಾಕೆಟ್ ಕುಂತಿತ್ತು. ಹುಬ್ಬಳ್ಳಿಗೆ ಒಯ್ದು ಹಿಂದಿನ ಸ್ಥಿತಿಗೆ ತರಿಸಾಕ 1,500, ಹೋಗಿ ಬರೂ ಖರ್ಚು ಬ್ಯಾರೆ, ಅಷ್ಟರಾಗ ಬ್ಯಾರೆ ಪ್ರೆಸ್ಸಿಗೆ ಕೊಟ್ಟು ಮಾಡಿಸಿದ ಕೆಲಸಕ್ಕ 6,300.

ಈಗ ಅದಕ್ಕ ವಿಂಡೋಸ್ 11 ಹತ್ತಂಗಿಲ್ಲಂತ. ಪ್ರೊಸೆಸರ್ ಏಳನೇ ಪೀಳಿಗಿ, ಅವರಿಗೆ ಎಂಟನೇದು ಬೇಕು. ಲಕ್ಷ ಕೊಟ್ಟಾಂವಗೂ ಅದ ಗೆರಿ, ಮೂವತ್ತು ಸಾವಿರ ಕೊಟ್ಟಾಂವಗೂ ಅದ ಗೆರಿ. ಹೆಚ್ಚಿಗಿ ಕೊಟ್ಟ ರೊಕ್ಕ ಎಲ್ಲಿ ಹೋತು ಹೇಳ್ರಿ? ಈಗ ಪ್ರೆಸ್ಸಿನ್ಯಾಗ ಹಳೇ ಡೆಸ್ಕ್‌ಟಾಪ್, ವಿಂಡೋಸ್ 7, ಇಂಟರ್ನೆಟ್ ವಾಯರ್ ಕಿತ್ತ ಒಗದೀನಿ. ಅಪ್‌ಡೇಟೂ ಇಲ್ಲ, ತಲಿಬ್ಯಾನಿನೂ ಇಲ್ಲ.

ವೈಟ್‌ಫೀಲ್ಡ್ ವಾಸಿ:
ನನ್ನದು ಮ್ಯಾಕ್‌ಬುಕ್ ಏರ್, ಆಪಲ್‌ನದೇ ಎಂ1 ಚಿಪ್ ಇರೋದು, 2020ರ ಡಿಸೆಂಬರ್‌ನಲ್ಲಿ ತಗೊಂಡಿದ್ದು. ಬೆಲೆ 92,900, ಕಾರ್ಡಿನ ಮೇಲೆ 6,000 ವಾಪಸ್ ಬಂದು 86,900. ಇದಕ್ಕೆ ಫ್ಯಾನೇ ಇಲ್ಲ, ಹಾಗಾಗಿ ‘ಫ್ಯಾನ್ ನಿಲ್ಲೋದಿಲ್ಲ’ ಅನ್ನೋ ಕಥೆಯೂ ಇಲ್ಲ. ಮ್ಯಾಕ್‌ನ ಸಿಸ್ಟಮ್ ಆವೃತ್ತಿಗಳಲ್ಲಿ ಬಿಗ್ ಸರ್‌ನಿಂದ ಹಿಡಿದು 2025ರ ಸೆಪ್ಟೆಂಬರ್‌ನ ಟಾಹೋವರೆಗೆ ಎಲ್ಲ ಅಪ್‌ಡೇಟ್ ಹಾಕಿದ್ದೀನಿ. ಟಾಹೋ ಆದ ಮೊದಲೆರಡು ದಿನ ಬಿಸಿಯಾಯ್ತು, ಅದು ಫೈಲುಗಳ ಸೂಚಿಯನ್ನು ಹೊಸದಾಗಿ ಕಟ್ಟೋ ಕೆಲಸ, ಆಮೇಲೆ ತಣ್ಣಗಾಯ್ತು. ಬ್ಯಾಟರಿ ಸಾಮರ್ಥ್ಯ ಮೊದಲಿದ್ದದ್ದರ 84% ಉಳಿದಿದೆ. ಐದು ವರ್ಷಕ್ಕೆ ಭಾಗಿಸಿ ನೋಡಿ, ವರ್ಷಕ್ಕೆ 17,380. ನನ್ನ ಪಕ್ಕದ ಸೀಟಿನವನು ಇದೇ ಅವಧಿಯಲ್ಲಿ 55 ಸಾವಿರದ್ದು ಎರಡು ಬದಲಾಯಿಸಿದ.

ಗದಗಿನ ಸರ್ ಕ್ಷಮಿಸಬೇಕು, ವಿಂಡೋಸ್ 7ಗೆ 2020ರ ಜನವರಿ 14ಕ್ಕೇ ಬೆಂಬಲ ನಿಂತಿದೆ, ಭದ್ರತೆಯ ಅಪ್‌ಡೇಟೂ ಬರಲ್ಲ. ವಾಯರ್ ಕಿತ್ತರೆ ಸಾಲದು, ಗಿರಾಕಿ ಪೆನ್‌ಡ್ರೈವ್ ತರೋದಿಲ್ವಾ? ವೈರಸ್ಸಿಗೆ ವಾಯರೇ ಬೇಕು ಅಂತಿಲ್ಲ.

ಗದಗಿನ ಪ್ರೆಸ್ಸಿನವ:
ಪೆನ್‌ಡ್ರೈವ್ ನೋಡಿ ಹಚ್ಚಾಕ ನಮಗೂ ಬರ್ತದ್ರಿ. 25 ವರ್ಷ ಪ್ರೆಸ್ ನಡಿಸೀನಿ. ನಿಮ್ಮ ಎಂ1ನ್ಯಾಗ ನನ್ನ ಹಳೇ ಲಗ್ನಪತ್ರಿಕಿ ಫೈಲ್ ಒಂದಾರ ತೆರದು ತೋರಸ್ರಿ, ಆಮ್ಯಾಲ ಮಾತಾಡೂಣು.

ಎಸ್‌ಪಿ ರೋಡ್ ರಿಪೇರಿ:
ಮೇಡಂ, ದಿನಾ ಇದೇ ಬಿಚ್ಚೋ ಕೆಲಸ ನಂದು. ‘ಅಪ್‌ಡೇಟ್ ಆದ್ಮೇಲೆ ಸ್ಲೋ’ ಅಂತ ಬರೋವು ಬಿಚ್ಚಿ ನೋಡಿದ್ರೆ ಮುಕ್ಕಾಲು ಪಾಲು ಫ್ಯಾನ್ ತುಂಬ ಧೂಳು, ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿ ಪುಡಿಯಾಗಿರುತ್ತೆ. ಬಿಸಿ ಹೊರಗೆ ಹೋಗದಿದ್ರೆ ಪ್ರೊಸೆಸರ್ ತನ್ನ ವೇಗ ತಾನೇ ಇಳಿಸ್ಕೊಳ್ಳುತ್ತೆ. ಅಪ್‌ಡೇಟ್ ಬಂದಾಗ ಹಿಂದುಗಡೆ ಕೆಲಸ ಜಾಸ್ತಿ, ಅವತ್ತು ರೋಗ ಹೊರಗೆ ಕಾಣಿಸುತ್ತೆ ಅಷ್ಟೇ. ಬೈಗುಳ ಅಪ್‌ಡೇಟಿಗೆ.

ನನಗೆ ಸಿಟ್ಟು ಬರೋದು ಬೇರೆ ವಿಷಯಕ್ಕೆ. ಈ ತೆಳ್ಳನೆ ಪ್ರೀಮಿಯಂ ಮಾಲಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ. ಕೆಲವದ್ರಲ್ಲಿ ಸ್ಟೋರೇಜೂ ಬೆಸುಗೆ. ಒಂದು ಚಿಪ್ ಹೋದ್ರೆ ಪೂರ್ತಿ ಬೋರ್ಡ್ ಬದಲಾಯಿಸಿ ಅಂತಾರೆ. ಹೋದ ತಿಂಗಳು ಒಬ್ರು ತಂದಿದ್ದಕ್ಕೆ ಕಂಪನಿ ಸರ್ವಿಸ್‌ನಲ್ಲಿ 71,000 ಎಸ್ಟಿಮೇಟ್ ಕೊಟ್ಟಿದ್ರು. ನಾನು ಚಿಪ್ ಲೆವೆಲ್ ಮಾಡಿ 6,500ಕ್ಕೆ ಎಬ್ಬಿಸಿದೆ. ಅದಕ್ಕೂ ಚೌಕಾಸಿ! ‘ಬರೀ ಬೆಸುಗೆ ಹಾಕಿದ್ದಕ್ಕೆ ಇಷ್ಟಾ’ ಅಂದ್ರು. ಲಕ್ಷದ ಲ್ಯಾಪ್‌ಟಾಪ್ ತಗೊಳ್ಳೋವಾಗ ಬಾಯಿ ಮುಚ್ಕೊಂಡು ಕಾರ್ಡ್ ಉಜ್ಜೋರು ರಿಪೇರಿಯೋನ ಹತ್ರ ನೂರು ರೂಪಾಯಿಗೆ ಅರ್ಧ ಗಂಟೆ ವಾದ ಮಾಡ್ತಾರೆ.

ಇನ್ನೊಂದು. ವಿಂಡೋಸ್ 11ರ 24ಎಚ್2 ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆದ್ರೆ ಡ್ರೈವ್ ತಾನಾಗೇ ಲಾಕ್ ಆಗೋ ವ್ಯವಸ್ಥೆ ಇದೆ. ಆಮೇಲೆ ಬಯಾಸ್ (ಲ್ಯಾಪ್‌ಟಾಪ್ ಆನ್ ಆಗೋವಾಗ ಮೊದಲು ಓಡೋ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದಾಗ ನೀಲಿ ಪರದೆ ಬಂದು 48 ಅಂಕಿಯ ಕೀ ಕೇಳಬಹುದು. ಕೀ ಅದೇ ಅಕೌಂಟಲ್ಲಿ ಇರುತ್ತೆ. ಜನ ಅಕೌಂಟ್ ಪಾಸ್‌ವರ್ಡೇ ಮರೆತು ನನ್ನ ಹತ್ರ ಬರ್ತಾರೆ. ನಾನು ದೇವರಲ್ಲ.

ಪುತ್ತೂರ್ದವ:
ಇಷ್ಟೆಲ್ಲ ಯಾಕೆ ಮಾರಾಯ್ರೆ. ಥಿಂಕ್‌ಪ್ಯಾಡ್ ಟಿ480, ರಿಫರ್ಬಿಶ್ಡ್, 19,500. ಕಂಪನಿಗಳು ಗುತ್ತಿಗೆ ಮುಗಿದ ಮೇಲೆ ರಾಶಿ ಹಾಕುವುದುಂಟಲ್ಲ, ಅದರಲ್ಲಿ ಆರಿಸಿದ್ದು. ರ‍್ಯಾಮ್ 16 ಮಾಡಿದೆ, 3,200 (ಬೆಲೆ ಏರುವ ಮೊದಲು, ಈಗ ಕೇಳಿದರೆ ತಲೆ ತಿರುಗ್ತದೆ). ಎಸ್‌ಎಸ್‌ಡಿ 4,100. ಇದಕ್ಕೆ ಬ್ಯಾಟರಿ ಎರಡು, ಒಂದು ಒಳಗೆ ಒಂದು ಹೊರಗೆ, ಎರಡೂ ಹೊಸತು 5,400. ಒಟ್ಟು 32,200. ಪ್ರೊಸೆಸರ್ ಎಂಟನೇ ಪೀಳಿಗೆ, ವಿಂಡೋಸ್ 11 ಸಲೀಸಾಗಿ ಬರ್ತದೆ. ನಾನು ಹಾಕಿದ್ದು ಲಿನಕ್ಸ್ ಮಿಂಟ್, ವಿಂಡೋಸ್ ಬದಲಿಗೆ ಪುಕ್ಕಟೆ ಸಿಗುವ ಸಿಸ್ಟಮ್. ಕನ್ನಡ ಟೈಪಿಂಗಿಗೆ ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸವೇ ಸಿಗ್ತದೆ. ಅಪ್‌ಡೇಟ್ ಯಾವಾಗ ಹಾಕಬೇಕು ಅಂತ ನಾನು ಹೇಳುವುದು, ಅದು ನನಗೆ ಹೇಳುವುದಲ್ಲ.

ಪರದೆ ಮಾತ್ರ ಮಂಕು, ಅದು ನಿಜ. ಬಿಸಿಲಲ್ಲಿ ಕೂತರೆ ನನ್ನ ಮುಖವೇ ಕಾಣುವುದು.

ವೈಟ್‌ಫೀಲ್ಡ್ ವಾಸಿ:
ಮಂಕು ಪರದೆಯಲ್ಲಿ ವಿಡಿಯೊ ಎಡಿಟಿಂಗ್. ಚೆನ್ನಾಗಿದೆ ಸಲಹೆ.

ಪುತ್ತೂರ್ದವ:
ನಾನು ನನ್ನದು ಹೇಳಿದ್ದು. ನಿಮ್ಮ 8 ಜಿಬಿ ಎಂ1ರಲ್ಲಿ ಬ್ರೌಸರ್, ಸಬ್‌ಟೈಟಲ್, ವಿಡಿಯೊ ಮೂರೂ ಒಟ್ಟಿಗೆ ತೆರೆದು ನೋಡಿ. ಅಷ್ಟು ಸಾಕಾಗುವುದಿದ್ದರೆ 2024ರ ಅಕ್ಟೋಬರ್‌ನಲ್ಲಿ ಆಪಲ್ ತಾನಾಗಿ ಏರ್‌ನ ಆರಂಭದ ಮೆಮೊರಿ 16ಕ್ಕೆ ಏರಿಸಿದ್ದು ಯಾಕಂತೆ? ನಿಮ್ಮದಕ್ಕೆ ಸೇರಿಸಲಿಕ್ಕೂ ಬರುವುದಿಲ್ಲ. ಮತ್ತೆ ಐದು ವರ್ಷ ಬಂತು ಅಂತ ಎದೆ ತಟ್ಟುವುದು ಬೇಡ. ಅದೇ 2020ರ ಮಾರ್ಚ್‌ನಲ್ಲಿ ಬಂದ ಇಂಟೆಲ್ ಪ್ರೊಸೆಸರಿನ ಏರ್‌ಗೆ ಟಾಹೋ ಇಲ್ಲ, ನವೆಂಬರ್‌ನ ಎಂ1ಕ್ಕೆ ಉಂಟು. ಎಂಟು ತಿಂಗಳ ಅಂತರ. ನೀವು ಮೇ ತಿಂಗಳಲ್ಲಿ ಅಂಗಡಿಗೆ ಹೋಗಿದ್ದರೆ ಇವತ್ತು ನಮ್ಮ ಸಾಲಿನಲ್ಲಿ ಇರ್ತಿದ್ರಿ.

ವೈಟ್‌ಫೀಲ್ಡ್ ವಾಸಿ:
ಮೇ ತಿಂಗಳಲ್ಲಿ ಹೋಗಲಿಲ್ಲವಲ್ಲ. ಜೂನ್‌ನಲ್ಲಿ ಅವರು ಇಂಟೆಲ್ ಬಿಡ್ತೀವಿ ಅಂತ ಘೋಷಣೆ ಮಾಡಿದ್ರು, ಅದನ್ನ ಓದಿ ಕಾದೆ. ಓದೋದಕ್ಕೆ ಅದೃಷ್ಟ ಅನ್ನಲ್ಲ.

ಡಲ್ಲಾಸ್‌ನಿಂದ:
ಅಮೆರಿಕದಿಂದ ತರಿಸೋ ಯೋಚನೆ ಇರೋರಿಗೆ ಲೆಕ್ಕ. ಎಂ4 ಏರ್ 2025ರಲ್ಲಿ ಬಂದಾಗ 999 ಡಾಲರ್, ಇಲ್ಲಿ ಟೆಕ್ಸಸ್‌ನಲ್ಲಿ ಮಾರಾಟ ತೆರಿಗೆ 8.25% ಸೇರಿ 1,081. ಡಾಲರಿಗೆ 85 ಹಿಡಿದ್ರೂ 92 ಸಾವಿರದ ಹತ್ತಿರ. ಭಾರತದಲ್ಲಿ 2025ರ ಮಾರ್ಚ್‌ನಲ್ಲಿ ಬಂದಾಗ 99,900. ಎಂಟು ಸಾವಿರ ಉಳಿಸೋಕೆ ಎಷ್ಟು ಜನ ಫೋನ್ ಮಾಡ್ತಾರೆ ಗೊತ್ತಾ? ಹದಿನೆಂಟು ತುಂಬಿದ ಒಬ್ಬ ಪ್ರಯಾಣಿಕರಿಗೆ ಒಂದು ಲ್ಯಾಪ್‌ಟಾಪ್ ಸುಂಕವಿಲ್ಲದೆ ಬಿಡ್ತಾರೆ. ನನ್ನದು ಒಂದು, ಚಿಕ್ಕಮ್ಮನ ಮಗನದ್ದು ಒಂದು ಅಂತ ಎರಡು ಹಿಡಿದು ಬಂದೆ. ಎರಡನೆಯದಕ್ಕೆ ಸುಂಕ ಕಟ್ಟಿದೆ, ರಾತ್ರಿ ಎರಡೂವರೆಗೆ. ಹುಡುಗ ಇವತ್ತಿನವರೆಗೂ ಆ ಸುಂಕದ ಮಾತೆತ್ತಿಲ್ಲ. ‘ಅಣ್ಣ, ಕೀಬೋರ್ಡ್ ಮೇಲೆ ರೂಪಾಯಿ ಚಿಹ್ನೆ ಇಲ್ವಲ್ಲ’ ಅಂದ.

ಸಿಎ ಓದ್ತಿರೋಳು:
ಯಾರೂ ತೆರಿಗೆ ಲೆಕ್ಕ ಹಿಡಿದೇ ಇಲ್ಲ! ಲ್ಯಾಪ್‌ಟಾಪಿಗೆ ಜಿಎಸ್‌ಟಿ 18%. 99,900ರಲ್ಲಿ ತೆರಿಗೆಯೇ 15,239. ಜಿಎಸ್‌ಟಿ ನೋಂದಣಿ ಇದ್ದು, ಕೆಲಸಕ್ಕೇ ಬಳಸೋದಾದ್ರೆ, ಬಿಲ್ಲಲ್ಲಿ ನಿಮ್ಮ ನಂಬರ್ ಹಾಕಿಸಿದ್ರೆ ಅಷ್ಟೂ ಇನ್‌ಪುಟ್ ಕ್ರೆಡಿಟ್, ಅಂದ್ರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅಷ್ಟು ವಜಾ. ಉಳಿದ 84,661ಕ್ಕೆ ಆದಾಯ ತೆರಿಗೆಯಲ್ಲಿ ವರ್ಷಕ್ಕೆ 40% ಸವಕಳಿ (ವಸ್ತು ಹಳೇದಾಗೋದಕ್ಕೆ ಖರ್ಚು ಅಂತ ಕಳೆಯೋ ಮೊತ್ತ). ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ರೆ ಅರ್ಧ ಮಾತ್ರ, ಹಾಗಾಗಿ ಮಾರ್ಚ್‌ನಲ್ಲಿ ತಗೊಳ್ಳೋರು ಯೋಚಿಸಿ. ನಮ್ಮಪ್ಪ ಅಂಗಡಿಗೆ ತಗೊಂಡಾಗ ಬಿಲ್ ನನ್ನ ಹೆಸರಲ್ಲಿ ಬರೆಸಿದ್ರು, ಮಗಳಿಗೆ ಪ್ರೀತಿಯಿಂದ! 11 ಸಾವಿರ ಕ್ರೆಡಿಟ್ ಹೋಯ್ತು. ಇವತ್ತಿಗೂ ಮನೆಯಲ್ಲಿ ಆ ಮಾತು ಬಂದ್ರೆ ಊಟ ಬಿಟ್ಟು ಏಳ್ತಾರೆ.

ಗದಗಿನ ಪ್ರೆಸ್ಸಿನವ:
ಅವ್ವಾ, ಸೇವಾ ಕೆಲಸದಾಗ ವರ್ಷಕ್ಕ 20 ಲಕ್ಷ ವಹಿವಾಟು ಇಲ್ಲದಾವ್ರಿಗೆ ನೋಂದಣಿನ ಬೇಕಾಗಂಗಿಲ್ಲ. ಸಬ್‌ಟೈಟಲ್ ಬರದು ಯಾರಿಗೆ 20 ಲಕ್ಷ ಬರ್ತದ?

ಸಿಎ ಓದ್ತಿರೋಳು:
‘ಇದ್ರೆ’ ಅಂತ ಬರೆದಿದ್ದೀನಿ ಅಂಕಲ್. ಓದಿ.

ವೈಟ್‌ಫೀಲ್ಡ್ ವಾಸಿ:
ಗದಗಿನ ಸರ್, ಅಸಲಿ ಸಮಸ್ಯೆ ನಿಮ್ಮ ಲ್ಯಾಪ್‌ಟಾಪ್ ಅಲ್ಲ. ಹಳೇ ಫಾಂಟ್ ಹಿಡ್ಕೊಂಡು ಕೂತಿರೋದು. ಯೂನಿಕೋಡಿಗೆ, ಅಂದ್ರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ, ಬಂದಿದ್ರೆ ಯಾವ ಅಪ್‌ಡೇಟ್ ಬಂದ್ರೂ ಮದುಮಗಳ ಹೆಸರು ಅಲ್ಲೇ ಇರ್ತಿತ್ತು. ನುಡಿಯಲ್ಲೇ ಯೂನಿಕೋಡ್ ಬಂದು ವರ್ಷಗಳಾಯ್ತು.

ಗದಗಿನ ಪ್ರೆಸ್ಸಿನವ:
ಬಂತು ನೋಡ್ರಿ ಬೆಂಗಳೂರಿನ ಉಪದೇಶ. 20 ವರ್ಷದ ಫೈಲ್ ಅದಾವು. ಪರಿವರ್ತನೆ ಮಾಡಿದ್ರ ಅರ್ಕಾವೊತ್ತು ಜಿಗೀತದ, ಒತ್ತಕ್ಷರ ಸಿಡೀತದ. ‘ಸೂರ್ಯ’ ಅಂತ ಹುಡುಗನ ಹೆಸರು ತಪ್ಪಿದ್ರ ಬೀಗರು ನಿಮ್ಮ ಮನಿಗೆ ಬರ್ತಾರೋ ನಮ್ಮ ಮನಿಗೋ? ಐನೂರು ಪತ್ರಿಕಿ ಮತ್ತೊಮ್ಮೆ ಹೊಡದು ಕೊಟ್ಟೀನಿ ಕೈಯಿಂದ ಹಾಕಿ, ಕಾಗದ ಒಂದಕ್ಕ 2,750. ನನ್ನ ಫಾಂಟಿನ ಸುದ್ದಿಗೆ ಬರಬ್ಯಾಡ್ರಿ.

ಪುತ್ತೂರ್ದವ:
ಅವರು ಹೇಳುವುದರಲ್ಲೂ ಸತ್ಯ ಉಂಟು. ನಾನೂ ಯಕ್ಷಗಾನದ ಹಳೇ ಕರಪತ್ರ ಪರಿವರ್ತಿಸಿದ್ದೇನೆ, ಪ್ರತಿ ಸಾಲು ಕಣ್ಣಲ್ಲಿ ನೋಡದೆ ಆಗುವುದಿಲ್ಲ. ಆದರೆ ಹೊಸ ಪತ್ರಿಕೆಯನ್ನಾದರೂ ಯೂನಿಕೋಡಲ್ಲಿ ಮಾಡಬಹುದಲ್ಲ?

ಗದಗಿನ ಪ್ರೆಸ್ಸಿನವ:
ಯೂನಿಕೋಡ್‌ನ್ಯಾಗ ಲಗ್ನಪತ್ರಿಕಿಗೆ ಒಪ್ಪೂ ಫಾಂಟ್ ಎಷ್ಟದಾವ? ಗಿರಾಕಿ ಬಂದು ‘ಅವರ ಪತ್ರಿಕಿಯಾಗಿದ್ದಂಥಾ ಅಕ್ಷರನ ಬೇಕು’ ಅಂತಾರ.

ಮೈಸೂರು ಸಬ್‌ಟೈಟಲ್:
ದಯವಿಟ್ಟು, ನನ್ನದಕ್ಕೂ ಯಾರಾದರೂ ಹೇಳಿ. ಪ್ರೊಸೆಸರ್ ಹತ್ತನೇ ಪೀಳಿಗೆಯ ಐ7, ರ‍್ಯಾಮ್ 16, ಬೆಸುಗೆ ಹಾಕಿದ್ದು. ಬ್ಯಾಟರಿ ರಿಪೋರ್ಟ್ ತೆಗೆದೆ, ಮೊದಲಿದ್ದದ್ದರ 58% ಉಳಿದಿದೆ. ತಗೊಂಡಾಗಿನಿಂದ ಒಮ್ಮೆಯೂ ಬಿಚ್ಚಿಸಿಲ್ಲ.

ಎಸ್‌ಪಿ ರೋಡ್ ರಿಪೇರಿ:
ಒಮ್ಮೆಯೂ ಬಿಚ್ಚಿಸಿಲ್ಲ! ಮೇಡಂ, ವಿಂಡೋಸ್ 10ಗೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಾಗ ಗೆರೆಯ ಆಚೆ ಉಳಿದವು ಏಳನೇ ಪೀಳಿಗೆ ಮತ್ತು ಹಿಂದಿನವು. ನಿಮ್ಮದು ಒಳಗಿದೆ, 16 ರ‍್ಯಾಮ್ ಇದೆ. ಪೇಸ್ಟು, ಕ್ಲೀನಿಂಗು 900. ಬ್ಯಾಟರಿ ಒಳ್ಳೇದು ಹಾಕಿದ್ರೆ 5,500ರಿಂದ 6,500. ಊದಿಕೊಂಡಿದ್ರೆ ಇವತ್ತೇ ಬಳಸೋದು ನಿಲ್ಸಿ, ಟಚ್‌ಪ್ಯಾಡ್ ಎದ್ದಿದೆಯಾ ನೋಡಿ. ಇಷ್ಟು ಮಾಡಿಸಿ ಒಂದು ತಿಂಗಳು ಕೆಲಸ ಮಾಡಿ, ಆಗಲೂ ಸಾಲದು ಅನಿಸಿದ್ರೆ ಲಕ್ಷ ಎಲ್ಲೂ ಓಡಿಹೋಗಲ್ಲ. ಮೈಸೂರಲ್ಲೇ ಮಾಡಿಸಿ, ನನ್ನ ಹತ್ರಾನೇ ಬನ್ನಿ ಅಂತ ಹೇಳ್ತಿಲ್ಲ.

ವೈಟ್‌ಫೀಲ್ಡ್ ವಾಸಿ:
7,400 ಹಾಕಿ ಹಳೇದನ್ನ ಎಳೆಯೋದು, ಆಮೇಲೆ ವರ್ಷದಲ್ಲಿ ಬೋರ್ಡ್ ಹೋಗೋದು. ಬೋರ್ಡಿನ ರೇಟು ಮೇಲೆ ಅವರೇ ಬರೆದಿದ್ದಾರೆ.

ಎಸ್‌ಪಿ ರೋಡ್ ರಿಪೇರಿ:
ಎಬ್ಬಿಸಿದ ರೇಟೂ ಬರೆದಿದ್ದೀನಿ ಸಾರ್, ಅದರ ಮುಂದಿನ ಸಾಲಲ್ಲೇ. ನಿಮ್ಮ ಫ್ಯಾನಿಲ್ಲದ ಏರೂ ನನ್ನ ಟೇಬಲ್ ಮೇಲೆ ಬರುತ್ತೆ, ಚಹಾ ಚೆಲ್ಲಿಸ್ಕೊಂಡು. ಚಹಾಕ್ಕೆ ಎಂ1ನೂ ಒಂದೇ, ಐ3ನೂ ಒಂದೇ.

ಮೈಸೂರು ಸಬ್‌ಟೈಟಲ್:
ಟಚ್‌ಪ್ಯಾಡ್ ಒಂದು ಮೂಲೆಯಲ್ಲಿ ಸ್ವಲ್ಪ ಎದ್ದಿದೆ. ಈಗ ಆಫ್ ಮಾಡ್ತಾ ಇದ್ದೀನಿ.

ಗದಗಿನ ಪ್ರೆಸ್ಸಿನವ:
ಪುತ್ತೂರ ಸಾಹೇಬ್ರ, ಆ ಟಿ480 ಇನ್ನೊಂದು ಸಿಗ್ತದೇನ್ರಿ? ಮಂಕು ಪರದಿ ನಡೀತದ, ಪ್ರೆಸ್ಸಿನ್ಯಾಗ ಹಗಲಿಗೂ ಕತ್ತಲಿನ. ವಿಂಡೋಸ್ 7 ಹಾಕಿ ಕೊಟ್ರ 20 ಸಾವಿರ ಕೊಡ್ತೀನಿ.

ಪುತ್ತೂರ್ದವ:
ಸೆವೆನ್ ಹಾಕಲಿಕ್ಕಾಗುವುದಿಲ್ಲ ಮಾರಾಯ್ರೆ, ಎಂಟನೇ ಪೀಳಿಗೆಗೆ ಅದರ ಡ್ರೈವರ್ ಬಿಟ್ಟೇ ಇಲ್ಲ. ಮಿಂಟ್ ಹಾಕಿ ಕೊಡ್ಲಾ?

ಗದಗಿನ ಪ್ರೆಸ್ಸಿನವ:
ಬ್ಯಾಡ್ರಿ.