ಮಾವನಿಗೆ ಎಚ್‌ಐವಿ ಅಂತ ಗೊತ್ತಾಗಿದೆ, ತಟ್ಟೆ ಲೋಟ ಬೇರೆ ಇಡಬೇಕಾ?

ಬೆಣ್ಣೆದೋಸೆ22:
ಎಲ್ಲರಿಗೂ ನಮಸ್ಕಾರ. ದಾವಣಗೆರೆ ಕಡೆಯವನು, ಹೆಸರು ಬೇಡ. ನನ್ನ ಸೋದರಮಾವನಿಗೆ 41 ವರ್ಷ. ಹೋದ ತಿಂಗಳು ಹರ್ನಿಯಾ ಆಪರೇಷನ್‌ಗೆ ಅಂತ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೆವು. ರಕ್ತದ ರಿಪೋರ್ಟ್ ಬಂದಮೇಲೆ ನಾವು ಮಾಡಲ್ಲ, ಬೇರೆ ಕಡೆ ನೋಡಿಕೊಳ್ಳಿ ಅಂದರು. ಯಾಕೆ ಅಂತ ಕೇಳಿದ್ದಕ್ಕೆ ವಾರ್ಡಿನಲ್ಲಿ ನಾಲ್ಕು ಜನರ ಎದುರೇ ಹೇಳಿಬಿಟ್ಟರು. ಮಾವ ಅವತ್ತಿಂದ ಸರಿಯಾಗಿ ಮಾತಾಡಿಲ್ಲ.

ಈಗ ನಮ್ಮ ಮನೆಯಲ್ಲೇ ಇದ್ದಾರೆ. ಅಮ್ಮ ತಮ್ಮನಲ್ವಾ ಅಂತ ಕರೆದುಕೊಂಡು ಬಂದಳು, ಆದರೆ ತಟ್ಟೆ, ಲೋಟ, ಬಕೆಟ್ಟು ಎಲ್ಲಾ ಬೇರೆ. ಬಟ್ಟೆ ಮುಟ್ಟಿದರೆ ಕೈಗೆ ಡೆಟಾಲ್. ಸೊಳ್ಳೆಯಿಂದ ಬರುತ್ತೆ ಅಂತ ಎಲ್ಲೋ ಕೇಳಿದ್ದಾಳೆ, ಹಾಗಾಗಿ ಸಂಜೆ ಐದಕ್ಕೇ ಕಿಟಕಿ ಬಂದ್. ನನ್ನ ಮಗಳಿಗೆ ಮೂರು ವರ್ಷ, ಯಾವಾಗಲೂ ಅವರ ತೊಡೆ ಮೇಲೇ ಇರುತ್ತಿದ್ದಳು. ಈಗ ಹೆಂಡತಿ ಬಿಡುತ್ತಿಲ್ಲ. ನಿಜ ಹೇಳಬೇಕೆಂದರೆ ನನಗೂ ಭಯ ಇದೆ, ನಾನೂ ಮಾವನೂ ಒಂದೇ ಕಟಿಂಗ್ ಶಾಪಿಗೆ ಹೋಗುವುದು. ಅತ್ತೆ ಚೆನ್ನಾಗಿಯೇ ಇದ್ದಾರೆ, ಸಿಟ್ಟು ಮಾಡಿಕೊಂಡು ಮಕ್ಕಳ ಜೊತೆ ತವರಿಗೆ ಹೋಗಿದ್ದಾರೆ. ಇದು ಏಡ್ಸೇ ಅಲ್ವಾ? ಇನ್ನು ಎಷ್ಟು ದಿನ ಅಂತ ಅಮ್ಮ ದಿನಾ ಅಳುತ್ತಾಳೆ.

ಟೆಸ್ಟಿಂಗ್_ಅಕ್ಕ:
ತಮ್ಮಾ, ನಾನು ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಸಲಹೆಯ ಕೇಂದ್ರದಲ್ಲಿ, ಕೌನ್ಸೆಲರ್. ನೀವು ಬರೆದದ್ದನ್ನು ಎರಡು ಸಲ ಓದಿದೆ. ತಟ್ಟೆ, ಲೋಟ, ಬಕೆಟ್ಟು, ಸೊಳ್ಳೆ, ಕಟಿಂಗ್ ಶಾಪು, ಎಲ್ಲದರ ಬಗ್ಗೆ ಕೇಳಿದ್ದೀರಿ. ಈ ಮನೆಯಲ್ಲಿ ನಿಜವಾಗಿ ಅಪಾಯ ಇರುವವರು ಒಬ್ಬರೇ, ನಿಮ್ಮ ಅತ್ತೆ. ಅವರ ಬಗ್ಗೆ ನೀವು ಬರೆದದ್ದು ಮಾತ್ರ ಅರ್ಧ ಸಾಲು. ಚೆನ್ನಾಗಿದ್ದಾರೆ ಅನ್ನುವುದು ಲೆಕ್ಕಕ್ಕಿಲ್ಲ. ಈ ವೈರಸ್ ಎಂಟು ಹತ್ತು ವರ್ಷ ಏನೂ ತೋರಿಸದೆ ಮೈಯಲ್ಲಿ ಇರಬಲ್ಲದು, ನಿಮ್ಮ ಮಾವನೂ ಮೊನ್ನೆವರೆಗೆ ಚೆನ್ನಾಗಿಯೇ ಇದ್ದರಲ್ವಾ? ಮೊದಲು ಅತ್ತೆಯನ್ನು ಐಸಿಟಿಸಿಗೆ ಕರೆದುಕೊಂಡು ಹೋಗಿ. ಪರೀಕ್ಷೆ ಉಚಿತ, ರಿಪೋರ್ಟ್ ಗುಟ್ಟಾಗಿರುತ್ತದೆ. ನೆಗೆಟಿವ್ ಬಂದರೂ ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಬೇಕು, ಇತ್ತೀಚೆಗೆ ತಗುಲಿದ್ದರೆ ಮೊದಲ ಪರೀಕ್ಷೆಯಲ್ಲಿ ಕಾಣದೇ ಇರಬಹುದು. ಮಕ್ಕಳದ್ದು ಅತ್ತೆಯ ರಿಪೋರ್ಟ್ ನೋಡಿಕೊಂಡು ಮುಂದೆ.

ಹರಡುವುದು ನಾಲ್ಕು ದಾರಿಯಲ್ಲಿ: ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಒಬ್ಬರು ಚುಚ್ಚಿಕೊಂಡ ಸೂಜಿ ಇನ್ನೊಬ್ಬರು ಬಳಸುವುದು, ಪರೀಕ್ಷೆ ಮಾಡದ ರಕ್ತ, ಮತ್ತೆ ತಾಯಿಯಿಂದ ಮಗುವಿಗೆ, ಬಸಿರಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನಲ್ಲಿ. ಇದರಲ್ಲಿ ಲೋಟ ಎಲ್ಲಿ ಬಂತು? ಎಂಜಲು, ಬೆವರು, ಕಣ್ಣೀರಿಂದ ಬರುವುದಿಲ್ಲ. ಸೊಳ್ಳೆ ಕುಡಿದ ರಕ್ತ ಅದರ ಹೊಟ್ಟೆಯಲ್ಲಿ ಅರಗಿಹೋಗುತ್ತದೆ, ವೈರಸ್ ಕೂಡ ಅದರ ಜೊತೆಗೇ ಹೋಯಿತು. ಮುಂದಿನವರಿಗೆ ಕಚ್ಚುವಾಗ ಅದು ಬಿಡುವುದು ಜೊಲ್ಲು, ರಕ್ತ ಅಲ್ಲ. ಕಿಟಕಿ ಮುಚ್ಚಿ, ಆದರೆ ಡೆಂಗ್ಯೂ ಹೆಸರಲ್ಲಿ ಮುಚ್ಚಿ. ಕಟಿಂಗ್ ಶಾಪಿನಲ್ಲಿ ಹೊಸ ಬ್ಲೇಡ್ ಹಾಕಲು ಹೇಳಿ, ಅಷ್ಟು ಸಾಕು.

ಎಚ್‌ಐವಿ ಅಂದ ತಕ್ಷಣ ಏಡ್ಸ್ ಅಲ್ಲ. ರಕ್ತದಲ್ಲಿ ರೋಗದ ಜೊತೆ ಹೋರಾಡುವ ಸಿಡಿ4 ಅನ್ನುವ ಕಣಗಳು 200ಕ್ಕಿಂತ ಕೆಳಗೆ ಇಳಿದಾಗ, ಅಥವಾ ಕೆಲವು ದೊಡ್ಡ ಸೋಂಕು ಅಂಟಿಕೊಂಡಾಗ ಅದನ್ನು ಏಡ್ಸ್ ಹಂತ ಅನ್ನುತ್ತಾರೆ. ಮಾವನ ಸಿಡಿ4 ಎಷ್ಟು? ಎಆರ್‌ಟಿ, ಅಂದರೆ ವೈರಸ್ಸನ್ನು ಅಡಗಿಸಿಡುವ ಮಾತ್ರೆ, ಶುರುವಾಯಿತಾ? ಇನ್ನೊಂದು, ಅವರಿಗೆ ಕೆಮ್ಮು ಇದೆಯಾ? ಇದ್ದರೆ ತಡಮಾಡದೆ ಕಫ ಪರೀಕ್ಷೆ ಮಾಡಿಸಿ. ಎಚ್‌ಐವಿ ಇದ್ದವರಿಗೆ ಟಿಬಿ ಬೇಗ ಹತ್ತುತ್ತದೆ, ಗಾಳಿಯಲ್ಲಿ ಹರಡುವುದು ಅದು. ಮಗು ಇರುವ ಮನೆಯಲ್ಲಿ ನೋಡಬೇಕಾದ್ದು ಅದನ್ನ.

ನೇರನುಡಿ:
ಮೇಡಂ ಹೇಳಿದ್ದು ಸರಿ ಇರಬಹುದು. ಆದರೂ ಚಿಕ್ಕ ಮಗು ಇರುವ ಮನೆ. ತಟ್ಟೆ ಬೇರೆ ಇಟ್ಟರೆ ಕಳೆದುಕೊಳ್ಳುವುದು ಏನಿದೆ? ಸುಮ್ನೆ ಒಂದು ಜಾಗ್ರತೆ ಅಷ್ಟೆ.

ಹಳೇ_ಪೇಷಂಟ್:
ಕಳೆದುಕೊಳ್ಳುವುದು ಏನು ಅಂತ ನಾನು ಹೇಳುತ್ತೇನೆ ನೇರನುಡಿಯವರೇ. ನನಗೆ ಗೊತ್ತಾಗಿದ್ದು 2012ರಲ್ಲಿ. ಆಗ ಎಆರ್‌ಟಿ ಸಿಗಬೇಕಾದರೆ ಸಿಡಿ4 350ಕ್ಕೆ ಇಳಿಯುವವರೆಗೆ ಕಾಯಬೇಕಿತ್ತು, 2017ರಿಂದ ಪಾಸಿಟಿವ್ ಅಂದ ಕೂಡಲೇ ಕೊಡುತ್ತಾರೆ. ನಮ್ಮ ಮನೆಯಲ್ಲೂ ತಟ್ಟೆ ಬೇರೆಯಾಯಿತು. ತಟ್ಟೆ ಬೇರೆಯಾದರೆ ಮನುಷ್ಯ ಏನು ಮಾಡುತ್ತಾನೆ ಗೊತ್ತಾ, ಬಚ್ಚಿಟ್ಟುಕೊಳ್ಳಲು ಶುರು ಮಾಡುತ್ತಾನೆ. ನಾನು ಮಾತ್ರೆ ಡಬ್ಬಿಯನ್ನು ಅಕ್ಕಿ ಡ್ರಮ್ಮಿನ ಹಿಂದೆ ಇಡುತ್ತಿದ್ದೆ. ನೆಂಟರು ಬಂದರೆ ಆವತ್ತು ಮಾತ್ರೆ ಇಲ್ಲ. ಮದುವೆಗೆ ಹೋದರೆ ಮೂರು ದಿನ ಇಲ್ಲ. ಹೀಗೆ ತಪ್ಪಿಸಿ ತಪ್ಪಿಸಿ ಮೊದಲ ಔಷಧಿ ನನ್ನ ಮೈಯಲ್ಲಿ ಕೆಲಸ ಮಾಡುವುದನ್ನೇ ಬಿಟ್ಟಿತು, ವೈರಸ್ ಅದಕ್ಕೆ ಒಗ್ಗಿಹೋಗಿತ್ತು. ಬೇರೆ ಮಾತ್ರೆಗಳಿಗೆ ಹೋಗಬೇಕಾಯಿತು.

ಈಗ ನೆಟ್ಟಗೆ ತೆಗೆದುಕೊಳ್ಳುತ್ತೇನೆ. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಪರೀಕ್ಷೆಯಲ್ಲಿ ವೈರಸ್ ಸಿಗುತ್ತಲೇ ಇಲ್ಲ. ಹಾಗೆ ಸಿಗದೇ ಇರುವವರಿಂದ ಲೈಂಗಿಕ ಸಂಪರ್ಕದಲ್ಲಿ ಕೂಡ ಹರಡುವುದಿಲ್ಲ, ಮತ್ತೆ ನೀವು ತಟ್ಟೆ ಅಂತೀರಿ. ಹೆಂಡತಿ ನೆಗೆಟಿವ್. ಮಗಳು ಹುಟ್ಟಿದ್ದು 2019ರಲ್ಲಿ, ಅವಳೂ ನೆಗೆಟಿವ್.

ಬೆಣ್ಣೆದೋಸೆ ಅಣ್ಣಾ, ಈಗ ಹೊಸಬರಿಗೆ ಸಾಮಾನ್ಯವಾಗಿ ದಿನಕ್ಕೆ ಒಂದೇ ಮಾತ್ರೆ, ಮೂರು ಔಷಧಿ ಅದರಲ್ಲೇ ಸೇರಿರುತ್ತವೆ. ಸರ್ಕಾರಿ ಎಆರ್‌ಟಿ ಸೆಂಟರ್‌ಗಳಲ್ಲಿ 2004ರಿಂದಲೂ ಉಚಿತ. ಎಷ್ಟು ದಿನ ಅಂತ ಅಮ್ಮ ಅಳುತ್ತಿದ್ದಾರಲ್ಲ, ಮಾತ್ರೆ ತಪ್ಪಿಸದಿದ್ದರೆ ಮಾವ ಸೊಸೆಯಂದಿರನ್ನು ಬೈದುಕೊಂಡು ಮುದುಕರಾಗುತ್ತಾರೆ ಅಂತ ಹೇಳಿ.

ಟೆಸ್ಟಿಂಗ್_ಅಕ್ಕ:
ಆಸ್ಪತ್ರೆಯ ವಿಷಯ ಹೇಳುವುದು ಮರೆತೆ. ಎಚ್‌ಐವಿ ಇದೆ ಅಂತ ಚಿಕಿತ್ಸೆ ನಿರಾಕರಿಸುವಂತಿಲ್ಲ, ಒಪ್ಪಿಗೆ ಇಲ್ಲದೆ ನಾಲ್ಕು ಜನರ ಮುಂದೆ ಹೇಳುವಂತೆಯೂ ಇಲ್ಲ. ಇದಕ್ಕೆ 2017ರ ಕಾಯ್ದೆ ಇದೆ, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ದೂರು ಕೊಡಬೇಕೋ ಬೇಡವೋ ಅಂತ ಮಾವನನ್ನೇ ಕೇಳಿ, ನೀವು ತೀರ್ಮಾನ ಮಾಡಬೇಡಿ. ಹರ್ನಿಯಾ ಹಾಗೇ ಬಿಡಬೇಡಿ, ಎಆರ್‌ಟಿ ಸೆಂಟರ್‌ನ ಡಾಕ್ಟರ ಹತ್ತಿರ ಹೇಳಿದರೆ ಸರ್ಕಾರಿ ಆಸ್ಪತ್ರೆಯ ಸರ್ಜನ್‌ಗೆ ಚೀಟಿ ಬರೆದುಕೊಡುತ್ತಾರೆ. ಅನುಮಾನ ಇದ್ದರೆ 1097ಕ್ಕೆ ಫೋನ್ ಮಾಡಿ, ಉಚಿತ.

ಬೆಣ್ಣೆದೋಸೆ22:
ಎಲ್ಲರಿಗೂ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ. ಅತ್ತೆ ಮೊದಲು ಒಪ್ಪಲಿಲ್ಲ, ತಪ್ಪು ಮಾಡಿದವರು ಅವರು, ಪರೀಕ್ಷೆ ನನಗ್ಯಾಕೆ ಅಂದರು. ಆಮೇಲೆ ಮಕ್ಕಳ ಮಾತು ಬಂದಮೇಲೆ ಸೋಮವಾರ ಬಂದರು. ನೆಗೆಟಿವ್. ಮೂರು ತಿಂಗಳು ಬಿಟ್ಟು ಮತ್ತೆ ಇದೆ. ಮಾವನ ಸಿಡಿ4 290. ಕೆಮ್ಮು ಇಲ್ಲ. ಮಾತ್ರೆ ಶುರುವಾಗಿದೆ, ರಾತ್ರಿ ಒಂಬತ್ತಕ್ಕೆ.

ಒಂದು ಸಮಸ್ಯೆ. ಅಮ್ಮನಿಗೆ ಇದನ್ನೆಲ್ಲಾ ಓದಿ ಹೇಳಿದೆ, ಅವಳು ತಟ್ಟೆಗಳನ್ನು ಒಟ್ಟಿಗೇ ಇಟ್ಟಳು. ಈಗ ಮಾವನೇ ತಮ್ಮ ತಟ್ಟೆ ಹುಡುಕಿ ತೆಗೆದುಕೊಂಡು ಹೊರಗೆ ಜಗಲಿಗೆ ಹೋಗಿ ಕೂರುತ್ತಾರೆ. ಏನು ಮಾಡುವುದು?

ಹಳೇ_ಪೇಷಂಟ್:
ಮಗಳನ್ನು ಜಗಲಿಗೆ ಕಳಿಸಿ.